ವಿಮಾನ ಇಳಿದ ಮೇಲಿನ 30 ಕಿಲೋಮೀಟರ್

ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಆರಂಭವಾದ ದಿನದಿಂದಲೂ ಚಿಕ್ಕಬಳ್ಳಾಪುರದ ನಮ್ಮಂಥವರ ಮನಸ್ಸಿನಲ್ಲಿ ಒಂದು ಸಮಾಧಾನವಿದೆ. ಬೆಂಗಳೂರಿನ ಜಯನಗರದವರಿಗಿಂತ ಅದು ನಮಗೇ ಹತ್ತಿರ. ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್, ಮನೆಯಲ್ಲಿ ಕಾರಿದ್ದವರಿಗೆ ಮುಕ್ಕಾಲು ಗಂಟೆಯ ದಾರಿ. ಕಾರಿಲ್ಲದೆ, ನಡುರಾತ್ರಿಯಲ್ಲಿ, ವಯಸ್ಸಾದ ಇಬ್ಬರು ಹೆಂಗಸರನ್ನೂ ನಾಲ್ಕು ಬ್ಯಾಗುಗಳನ್ನೂ ಜೊತೆಗಿಟ್ಟುಕೊಂಡು ಅಲ್ಲಿ ಇಳಿದರೆ ಈ 30 ಕಿಲೋಮೀಟರ್ ಎಷ್ಟು ದೂರವಾಗುತ್ತದೆ ಎಂಬುದು ಕಳೆದ ಡಿಸೆಂಬರ್ ಮೊದಲ ವಾರದಲ್ಲಿ ನನಗೆ ತಿಳಿಯಿತು. ದೆಹಲಿಯಿಂದ ಬೆಂಗಳೂರಿಗೆ ಹಾರಿ ಬರಲು ಹಿಡಿದದ್ದು ಮೂರು ಗಂಟೆಗಿಂತ ಕಡಿಮೆ. ಇಳಿದ ಜಾಗದಿಂದ ಮನೆಯ ಬಾಗಿಲು ತಟ್ಟಲು ಹಿಡಿದದ್ದು ಆರು ಗಂಟೆಗಿಂತ ಹೆಚ್ಚು. ನಮ್ಮ ಜಿಲ್ಲೆಯಿಂದ ಉತ್ತರದ ಯಾತ್ರೆಗೆ ಹೊರಡುವವರಲ್ಲಿ ಹೋಗುವಾಗ ರೈಲು, ಬರುವಾಗ ವಿಮಾನ ಎಂದು ಲೆಕ್ಕ ಹಾಕುವವರು ಈಗ ಬಹಳ ಮಂದಿ ಇರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ತಾಯಿಗೆ 71, ಚಿಕ್ಕಮ್ಮನಿಗೆ 66 ವರ್ಷ. ಹೋಗುವಾಗ ಮೆಜೆಸ್ಟಿಕ್ಕಿನ ಸಂಗೊಳ್ಳಿ ರಾಯಣ್ಣ ನಿಲ್ದಾಣದಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ, ಎರಡು ರಾತ್ರಿ, ಒಂದು ಹಗಲು ಕಳೆದು ದೆಹಲಿ ಸೇರಿದೆವು. ರೈಲಿನ ಜನಜಂಗುಳಿ ನನಗೆ ಎಂದೂ ತೊಂದರೆ ಎನಿಸಿಲ್ಲ. ಪಕ್ಕದವರು ತಾವು ತಂದ ಬುತ್ತಿ ಬಿಚ್ಚಿ ನಮಗೂ ಒಂದು ರೊಟ್ಟಿ ಕೊಡುವ ಪ್ರಯಾಣವನ್ನು ನಾನು ಇಷ್ಟಪಡುತ್ತೇನೆ. ಆದರೆ ಅದೇ ದಾರಿಯಲ್ಲಿ ಮತ್ತೆ ಎರಡು ರಾತ್ರಿ ಕುಳಿತು ಬರಲು ಅಮ್ಮನ ಮಂಡಿನೋವು ಬಿಡಲಾರದು ಎಂದು ಬರುವಾಗಿನ ವಿಮಾನಕ್ಕೆ ಎರಡು ತಿಂಗಳ ಮೊದಲೇ ಟಿಕೆಟ್ ಮಾಡಿಸಿದ್ದೆ. ಹರಿದ್ವಾರ, ಹೃಷಿಕೇಶಗಳಲ್ಲಿ ಕಳೆದ ದಿನಗಳ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಹಿಂದಿರುಗಿದ ಒಂದು ಹಗಲು, ಒಂದು ರಾತ್ರಿಯ ವಿಷಯವನ್ನಷ್ಟೇ ಹೇಳುತ್ತೇನೆ.

ಮೊದಲನೆಯ ಪೆಟ್ಟು ಬಿದ್ದದ್ದು ಸಾಮಾನಿನ ತೂಕದಲ್ಲಿ. ರೈಲಿನಲ್ಲಿ ಸ್ಲೀಪರಿನವರಿಗೂ ಥರ್ಡ್ ಎಸಿಯವರಿಗೂ ತಲೆಗೆ 40 ಕೆಜಿ ಉಚಿತ; ತೂಕ ಹಾಕುವವರೂ ಸಾಮಾನ್ಯವಾಗಿ ಇರುವುದಿಲ್ಲ. ದೇಶದೊಳಗಿನ ವಿಮಾನದ ಸಾಧಾರಣ ಟಿಕೆಟ್ಟಿನಲ್ಲಿ ಒಳಗೆ ಹಾಕುವ ಬ್ಯಾಗಿಗೆ 15 ಕೆಜಿ, ಕೈಚೀಲಕ್ಕೆ 7 ಕೆಜಿ. ರೈಲಿನ ಲೆಕ್ಕದಲ್ಲಿ ಹೊರಟು ವಿಮಾನದ ಲೆಕ್ಕದಲ್ಲಿ ಹಿಂದಿರುಗುವವರು ಈ ವ್ಯತ್ಯಾಸವನ್ನು ಮನೆಯಲ್ಲಿ ಬ್ಯಾಗು ತುಂಬುವಾಗಲೇ ನೆನಪಿಟ್ಟುಕೊಳ್ಳಬೇಕು. ಚಿಕ್ಕಮ್ಮ ನಂಟರಿಷ್ಟರಿಗೆಲ್ಲ ಕೊಡಬೇಕೆಂದು ಬೆಸುಗೆ ಹಾಕಿದ ತಾಮ್ರದ ಗಂಗೆಯ ಗಿಂಡಿಗಳನ್ನು 22 ತೆಗೆದುಕೊಂಡಿದ್ದರು. ಜೊತೆಗೆ ಒಂದು ಹಿತ್ತಾಳೆಯ ಗಂಟೆ. ಕೌಂಟರಿನ ತಕ್ಕಡಿಯಲ್ಲಿ ಅವರ ಬ್ಯಾಗು 21 ಕೆಜಿ ತೋರಿಸಿತು. ಅಮ್ಮನ ಬ್ಯಾಗಿನಲ್ಲೂ ನನ್ನದರಲ್ಲೂ ಜಾಗವಿರಲಿಲ್ಲ. ನೆಲದ ಮೇಲೆ ಬ್ಯಾಗು ಬಿಚ್ಚಿ, ಹಿಂದೆ ಸಾಲಿನಲ್ಲಿ ನಿಂತವರ ಮುಂದೆ ಒಂದೊಂದೇ ಗಿಂಡಿ ಎತ್ತಿ ಪಕ್ಕಕ್ಕಿಟ್ಟು, ಇದನ್ನು ಬಿಡಲೇ ಅದನ್ನು ಬಿಡಲೇ ಎಂದು ಅವರು ನನ್ನ ಮುಖ ನೋಡಿದಾಗ ನನಗೆ ತಡೆಯಲಾಗಲಿಲ್ಲ; 6 ಕೆಜಿಗೆ 3,000 ರೂಪಾಯಿಯ ಮೇಲೆ ಕಟ್ಟಿದೆ. ಗಿಂಡಿಗಳ ಬೆಲೆ ಅದರ ಅರ್ಧದಷ್ಟೂ ಇರಲಿಲ್ಲ. ಮನಸಾದೇವಿ ಬೆಟ್ಟದ ಪ್ರಸಾದವೆಂದು ಇಟ್ಟುಕೊಂಡಿದ್ದ ಕೊಬ್ಬರಿ ಗಿಟಕುಗಳನ್ನೂ ಅಲ್ಲೇ ಬಿಡಬೇಕಾಯಿತು. ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಬೆಂಕಿ ಹತ್ತುವ ವಸ್ತು ಎಂದು ಅದನ್ನು ಬ್ಯಾಗಿನಲ್ಲಿ ಹಾಕಲು ಬಿಡುವುದಿಲ್ಲ. ಮೊಬೈಲಿನ ಪವರ್ ಬ್ಯಾಂಕನ್ನೂ ಒಳಗೆ ಹಾಕುವ ಬ್ಯಾಗಿನಲ್ಲಿ ಇಡುವಂತಿಲ್ಲ; ಅದು ಕೈಚೀಲದಲ್ಲೇ ಇರಬೇಕು.

ದೆಹಲಿಯ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಹೋಗುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಹರಿದ್ವಾರದ ರೈಲು ನಿಮ್ಮನ್ನು ನವದೆಹಲಿ ನಿಲ್ದಾಣದಲ್ಲಿ ಇಳಿಸಿದರೆ ಪಹಾಡ್‌ಗಂಜ್ ಕಡೆಗೆ ಹೊರಬೀಳಬೇಡಿ. 16ನೆಯ ಪ್ಲಾಟ್‌ಫಾರ್ಮಿನ ಕಡೆ, ಅಜ್ಮೇರಿ ಗೇಟ್ ಬದಿಗೆ ಬಂದರೆ ಏರ್‌ಪೋರ್ಟ್ ಮೆಟ್ರೋ ಅಲ್ಲೇ ಇದೆ. ಇಪ್ಪತ್ತು ನಿಮಿಷಗಳಲ್ಲಿ ಮೂರನೆಯ ಟರ್ಮಿನಲ್ ಸೇರುತ್ತೀರಿ. ನಿಮ್ಮ ವಿಮಾನ ಒಂದನೆಯ ಟರ್ಮಿನಲ್ಲಿನದಾದರೆ ಈ ದಾರಿ ನೇರವಾಗಿ ಹೋಗುವುದಿಲ್ಲ, ಅದಕ್ಕೆ ಮೆಜೆಂಟಾ ಮಾರ್ಗದ ಮೆಟ್ರೋ ಹಿಡಿಯಬೇಕು. ಆದ್ದರಿಂದ ಟಿಕೆಟ್ಟಿನ ಮೇಲಿನ ಟರ್ಮಿನಲ್ ಸಂಖ್ಯೆಯನ್ನು ಹಿಂದಿನ ದಿನವೇ ನೋಡಿಕೊಳ್ಳಿ. ಅಮ್ಮನಿಗೆ ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡುವಾಗಲೇ ಬರೆಸಿದ್ದೆ. ಎರಡೂ ಕಡೆ ಕೊಟ್ಟರು, ಹಣ ಕೇಳಲಿಲ್ಲ.

ಸಂಜೆ 6.45ಕ್ಕೆ ಹೊರಡಬೇಕಾಗಿದ್ದ ವಿಮಾನ ಹೊರಟದ್ದು 9 ಗಂಟೆಗೆ. ಕೌಂಟರಿನಲ್ಲಿ ತಿಂಡಿಯನ್ನಾದರೂ ಕೊಡಿ ಎಂದು ಕೇಳಿದ್ದಕ್ಕೆ ನಿಯಮ ತೋರಿಸಿದರು: ಎರಡೂವರೆಯಿಂದ ಐದು ಗಂಟೆಯವರೆಗಿನ ಹಾರಾಟಕ್ಕೆ ಮೂರು ಗಂಟೆ ತಡವಾದರೆ ಮಾತ್ರ ಊಟೋಪಚಾರದ ಹೊಣೆ ಅವರದು. ನಮ್ಮದು ಎರಡೂಕಾಲು ಗಂಟೆ ತಡ. ನಿಯಮ ಸರಿಯಾಗಿಯೇ ಇದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ರಾತ್ರಿ 9.35ಕ್ಕೆ ಇಳಿದು, ಹತ್ತೂವರೆಗೆ ದೇವನಹಳ್ಳಿಗೆ ಬಂದು ಬಸ್ಸು ಹಿಡಿಯುವ ನನ್ನ ಲೆಕ್ಕ ಮಾತ್ರ ಆ ಎರಡೂಕಾಲು ಗಂಟೆಯಲ್ಲಿ ಕೊಚ್ಚಿಕೊಂಡು ಹೋಯಿತು.

ನಾವು ನೆಲ ಮುಟ್ಟಿದ್ದು 11.50ಕ್ಕೆ. ಬ್ಯಾಗು ಕೈಗೆ ಬರುವಷ್ಟರಲ್ಲಿ ಹನ್ನೆರಡೂವರೆ. ಹೊರಗೆ ಬಂದು ನಿಂತರೆ ವಾಯುವಜ್ರ ಬಸ್ಸುಗಳು ಆ ಹೊತ್ತಿನಲ್ಲೂ ಇದ್ದವು, ಆದರೆ ಅವು ಹೊರಡುವುದು ದಕ್ಷಿಣಕ್ಕೆ, ಬೆಂಗಳೂರಿನ ಒಳಕ್ಕೆ. ಉತ್ತರಕ್ಕೆ ಹೋಗಬೇಕಾದ ನಮಗೆ ಅವುಗಳಿಂದ ಪ್ರಯೋಜನವಿಲ್ಲ. ಮೊಬೈಲಿನಲ್ಲಿ ಟ್ಯಾಕ್ಸಿ ಬುಕ್ ಮಾಡಿದೆ. ಒಬ್ಬರಾದ ಮೇಲೆ ಒಬ್ಬರು ಮೂವರು ಚಾಲಕರು ಕರೆ ಮಾಡಿ "ಎಲ್ಲಿಗೆ ಡ್ರಾಪ್ ಸಾರ್?" ಎಂದು ಕೇಳಿದರು, ಚಿಕ್ಕಬಳ್ಳಾಪುರ ಎಂದೊಡನೆ ರದ್ದು ಮಾಡಿದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆ ಹೊತ್ತಿನಲ್ಲಿ ನಮ್ಮ ಊರಿನಿಂದ ಹಿಂದಕ್ಕೆ ಬಾಡಿಗೆ ಸಿಗುವುದಿಲ್ಲ. ಆಗ ಒಬ್ಬ ಬಂದು 1,500 ರೂಪಾಯಿಗೆ ಮನೆಯ ಬಾಗಿಲಿಗೇ ಬಿಡುವುದಾಗಿ ಹೇಳಿದ. ಅವನದು ವೈಟ್ ಬೋರ್ಡ್ ಕಾರು, ಅಂದರೆ ಬಾಡಿಗೆಗೆ ಓಡಿಸಲು ಪರವಾನಗಿ ಇಲ್ಲದ್ದು. ಅದನ್ನು ಕಂಡೂ ನಾನು ಹತ್ತಿದೆ. ಅಮ್ಮ ನಿಂತಲ್ಲೇ ತೂಕಡಿಸುತ್ತಿದ್ದರು ಎಂಬುದಷ್ಟೇ ನಾನು ಕೊಡಬಹುದಾದ ಕಾರಣ.

ದೇವನಹಳ್ಳಿ ಸಮೀಪಿಸುತ್ತಿದ್ದಂತೆ ಅವನು ಕಾರನ್ನು ನಿಧಾನ ಮಾಡಿ, "ಸಾರ್, ವಾಪಸ್ ಖಾಲಿ ಬರಬೇಕಲ್ಲ, ನೈಟ್ ಬ್ಯಾಟಾ ಯಾರು ಕೊಡ್ತಾರೆ? ಮೂರು ಸಾವಿರ ಆಗುತ್ತೆ" ಎಂದ. ಒಪ್ಪಿದ ಮಾತನ್ನು ನೆನಪಿಸಿದೆ. ಹಾಗಾದರೆ ಇಲ್ಲೇ ಇಳಿಯಿರಿ ಎಂದು ಹೆದ್ದಾರಿಯ ಬದಿಗೆ ಕಾರು ನಿಲ್ಲಿಸಿದ. ಸುತ್ತ ಕತ್ತಲೆ, ಲಾರಿಗಳು ಒಂದೇ ಸಮನೆ ಹಾದುಹೋಗುತ್ತಿದ್ದವು. ಕಡೆಗೆ 800 ರೂಪಾಯಿ ತೆಗೆದುಕೊಂಡು ದೇವನಹಳ್ಳಿಯ ಬಸ್ ನಿಲ್ದಾಣದವರೆಗೆ ಬಿಡಲು ಒಪ್ಪಿದ. ವಿಮಾನ ನಿಲ್ದಾಣದಿಂದ ಅದು 10 ಕಿಲೋಮೀಟರಿಗಿಂತ ಕಡಿಮೆ ದೂರ. 112ಕ್ಕೆ ಕರೆ ಮಾಡಬಹುದಿತ್ತು, ಕಾರಿನ ನಂಬರ್ ಪ್ಲೇಟಿನ ಫೋಟೋ ತೆಗೆದುಕೊಳ್ಳಬಹುದಿತ್ತು ಎಂಬುದೆಲ್ಲ ನನಗೆ ಹೊಳೆದದ್ದು ಅವನು ಹೋದ ಮೇಲೆ. ನೀವು ಹತ್ತುವ ಮೊದಲೇ ಆ ಫೋಟೋ ತೆಗೆದು ಮನೆಯವರಿಗೆ ಕಳುಹಿಸಿ, ಚಾಲಕ ನೋಡುವಂತೆಯೇ ಕಳುಹಿಸಿ.

ಆಗ ಸಮಯ ರಾತ್ರಿ 1.50. ಹೈದರಾಬಾದ್, ಅನಂತಪುರದ ಕಡೆಗೆ ಹೋಗುವ ದೂರದ ಬಸ್ಸುಗಳು ಹೆದ್ದಾರಿಯಲ್ಲೇ ಹಾದುಹೋಗುತ್ತವೆ, ಊರೊಳಕ್ಕೆ ಬರುವುದಿಲ್ಲ. ಕೈ ಅಡ್ಡ ಹಾಕಿದರೂ ನಿಲ್ಲಿಸುವವರಿಲ್ಲ. ನಿಲ್ದಾಣದಲ್ಲಿ ಒಂದು ಟ್ಯೂಬ್‌ಲೈಟ್ ಉರಿಯುತ್ತಿತ್ತು. ಅಮ್ಮ ಸಿಮೆಂಟಿನ ಬೆಂಚಿನ ಮೇಲೆ ಚಿಕ್ಕಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದರು. ಹರಿದ್ವಾರದ ಚಳಿಗೆಂದು ಕೊಂಡ ಉಣ್ಣೆಯ ಶಾಲು ನಮ್ಮ ಬಯಲುಸೀಮೆಯ ಡಿಸೆಂಬರಿಗೂ ಬೇಕಾಯಿತು. ಸೊಳ್ಳೆ ಓಡಿಸುತ್ತ ಎರಡೂವರೆ ಗಂಟೆ ಕುಳಿತೆ.

ನಾಲ್ಕೂವರೆಯ ಸುಮಾರಿಗೆ ಗಂಡ ಹೆಂಡತಿ ಇಬ್ಬರು ತಳ್ಳುಗಾಡಿಯೊಂದನ್ನು ತಂದು ನಿಲ್ಲಿಸಿದರು. ಆ ತಿಂಡಿಯ ಬಗ್ಗೆ ನಾಲ್ಕು ಮಾತು ಹೆಚ್ಚಾಗಿಯೇ ಹೇಳಬೇಕು. ಗಾಡಿಯ ಮೇಲೆ ಹೆಸರಿನ ಬೋರ್ಡಿಲ್ಲ. ಬಟ್ಟೆ ಹಾಸಿದ ತಟ್ಟೆಗಳಲ್ಲಿ ಬೇಯಿಸಿದ ಇಡ್ಲಿ. ಹಬೆಯ ಮುಚ್ಚಳ ತೆಗೆದು, ತಟ್ಟೆಯನ್ನು ಮಗುಚಿ, ಬಟ್ಟೆಯ ಮೇಲೆ ಒಂದು ಹಿಡಿ ತಣ್ಣೀರು ಚಿಮುಕಿಸಿ ಎಳೆದರೆ ಇಡ್ಲಿಯ ಅಂಚು ಸ್ವಲ್ಪವೂ ಹರಿಯದೆ ಬಿಡುತ್ತಿತ್ತು. ಹುರಿಗಡಲೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹಾಕಿ ರುಬ್ಬಿದ ಚಟ್ನಿ ನೀರಾಗದೆ ತಟ್ಟೆಯಲ್ಲಿ ನಿಲ್ಲುವಷ್ಟು ಗಟ್ಟಿಯಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಆ ವರ್ಷದ ಹೊಸ ಅವರೆಕಾಳಿನ ಸಾಗು ಇತ್ತು. ಪಾತ್ರೆಯ ಮುಚ್ಚಳ ತೆಗೆದ ಕೂಡಲೇ ಸೊಗಡು ಇಡೀ ನಿಲ್ದಾಣಕ್ಕೆ ಹರಡಿತು. ಯಾತ್ರೆಯುದ್ದಕ್ಕೂ ಪೂರಿ, ಆಲೂಗಡ್ಡೆ, ರಾಜ್ಮಾ ತಿಂದು ಅಮ್ಮನ ಹೊಟ್ಟೆ ಕೆಟ್ಟಿತ್ತು, ಎರಡು ದಿನದಿಂದ ಬಿಸ್ಕತ್ತು ಬಿಟ್ಟರೆ ಏನೂ ತಿಂದಿರಲಿಲ್ಲ. ಆ ಹೆಣ್ಣುಮಗಳು ಬೆಂಚಿನ ಕಡೆ ನೋಡಿ, "ಯಾಕಮ್ಮಾ ಇಷ್ಟೊತ್ತಲ್ಲಿ ಇಲ್ಲಿದೀರಾ? ಬನ್ನಿ, ಒಲೆ ಹತ್ರ ಕೂತ್ಕೊಳ್ಳಿ" ಎಂದು ತಾನು ಕೂರುವ ಸ್ಟೂಲನ್ನೇ ಎಳೆದು ಕೊಟ್ಟಳು. ಅಮ್ಮ ನಾಲ್ಕು ಇಡ್ಲಿ ತಿಂದರು. ಮೂವರಿಗೂ ಸೇರಿ ಆದದ್ದು 110 ರೂಪಾಯಿ. ಅಮ್ಮನಿಗೆ ಮೊದಲು ಕೊಟ್ಟ ಚಹಾಕ್ಕೆ ಆಕೆ ಹಣ ಹಿಡಿಯಲೇ ಇಲ್ಲ. ಚಿಕ್ಕಮ್ಮ ಬ್ಯಾಗಿನ ಜಿಪ್ ತೆಗೆದು, ಅಷ್ಟೊಂದು ಹಣ ಕಟ್ಟಿ ತಂದ ಗಿಂಡಿಗಳಲ್ಲಿ ಒಂದನ್ನು ಆಕೆಯ ಕೈಗಿಟ್ಟರು. ಆಕೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

5.20ಕ್ಕೆ ಬೆಂಗಳೂರಿನಿಂದ ಬಂದ ಸಾಮಾನ್ಯ ಸಾರಿಗೆ ಬಸ್ಸು ಸಿಕ್ಕಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಇಂಥ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಟಿಕೆಟ್ ಶೂನ್ಯ ದರದ್ದು. ಆಧಾರ್ ಕಾರ್ಡನ್ನು ಬ್ಯಾಗಿನ ತಳಕ್ಕೆ ಸೇರಿಸಿಡಬೇಡಿ. ನನ್ನ ಟಿಕೆಟ್ 50 ರೂಪಾಯಿಯ ಒಳಗೇ ಮುಗಿಯಿತು. ಸೂರ್ಯೋದಯ ನೋಡಲು ಹೊರಟ ಬೆಂಗಳೂರಿನ ಬೈಕುಗಳು ಸಾಲಾಗಿ ಎಡಕ್ಕೆ, ನಂದಿಬೆಟ್ಟದ ದಾರಿಗೆ ತಿರುಗುತ್ತಿದ್ದವು. ಮನೆ ಸೇರಿದಾಗ ಆರು ಗಂಟೆ ದಾಟಿತ್ತು.

ನಮ್ಮ ಕಡೆಯವರಿಗೆ ನಾನು ಹೇಳುವುದು ಇಷ್ಟು. ದೆಹಲಿಯಿಂದಾಗಲಿ ಬೇರೆಲ್ಲಿಂದಾಗಲಿ ಟಿಕೆಟ್ ಮಾಡುವಾಗ ಸಂಜೆ ಐದರೊಳಗೆ ಇಳಿಯುವ ವಿಮಾನವನ್ನೇ ಹಿಡಿಯಿರಿ, ಸಾವಿರ ರೂಪಾಯಿ ಹೆಚ್ಚಾದರೂ ಸರಿ. ವಿಮಾನ ಎರಡು ಗಂಟೆ ತಡವಾದರೂ ಆಗ ದೇವನಹಳ್ಳಿಯಿಂದ ನಮ್ಮೂರಿಗೆ, ಶಿಡ್ಲಘಟ್ಟಕ್ಕೆ, ಚಿಂತಾಮಣಿಗೆ ಬಸ್ಸು ಇರುತ್ತದೆ, ಮತ್ತು ಅಲ್ಲಿಯವರೆಗಿನ ಸಣ್ಣ ಬಾಡಿಗೆಗೆ ಟ್ಯಾಕ್ಸಿಯವರು ಬೇಗ ಒಪ್ಪುತ್ತಾರೆ. ಡಿಸೆಂಬರ್ ಕೊನೆ, ಜನವರಿಯಲ್ಲಿ ಹೋಗುವವರು ದೆಹಲಿಯ ಮಂಜನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಗ ರೈಲು, ವಿಮಾನ ಎರಡೂ ತಡವಾಗುತ್ತವೆ, ರೈಲು ಇಳಿದ ದಿನವೇ ವಿಮಾನ ಹತ್ತುವ ಯೋಚನೆ ಬೇಡ. ರಾತ್ರಿಯ ವಿಮಾನ ಬಿಟ್ಟು ಬೇರೆ ದಾರಿಯೇ ಇಲ್ಲದಿದ್ದರೆ ನಿಮ್ಮ ಊರಿನ ಟ್ಯಾಕ್ಸಿ ಸ್ಟ್ಯಾಂಡಿನ ಒಬ್ಬ ಚಾಲಕನಿಗೆ ಹೊರಡುವ ಮೊದಲೇ ಹೇಳಿ, ವಿಮಾನದ ಸಂಖ್ಯೆಯನ್ನೂ ಕೊಟ್ಟಿರಿ. ಹೋಗಿಬರುವ ಬಾಡಿಗೆ, ಕಾಯುವ ಹಣ, ಪಾರ್ಕಿಂಗ್ ಎಲ್ಲ ಸೇರಿ ಎಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ. ನಮ್ಮ ಬೀದಿಯ ಚಾಲಕರೊಬ್ಬರು ಮರುದಿನ ವಿಷಯ ತಿಳಿದು, "ನನಗೊಂದು ಫೋನ್ ಮಾಡಿದ್ರೆ ಸಾವಿರದ ಆರುನೂರಕ್ಕೆ ಬರ್ತಿದ್ನಲ್ಲಣ್ಣ" ಎಂದು ಬೇಸರಪಟ್ಟರು.

ರೈಲಿನ ವಿಷಯವನ್ನೂ ಹಲವರು ಕೇಳುತ್ತಾರೆ. ಯಲಹಂಕ-ಚಿಕ್ಕಬಳ್ಳಾಪುರ ಮಾರ್ಗದಲ್ಲಿ 2021ರ ಜನವರಿಯಿಂದ ವಿಮಾನ ನಿಲ್ದಾಣದ ಹೆಸರಿನಲ್ಲೇ ಒಂದು ಹಾಲ್ಟ್ ಇದೆ, ಅದೇ ಹಳಿ ಮುಂದೆ ನಂದಿ ಹಾಲ್ಟ್ ದಾಟಿ ನಮ್ಮೂರಿಗೆ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ಮೂಲಕ ಕೋಲಾರಕ್ಕೆ ಹೋಗುತ್ತದೆ. ಆದರೆ ರೈಲುಗಳು ಬೆರಳೆಣಿಕೆಯಷ್ಟು, ಹಾಲ್ಟ್ ಇರುವುದು ಟರ್ಮಿನಲ್‌ನಿಂದ ಕೆಲವು ಕಿಲೋಮೀಟರ್ ಆಚೆ. ಬೆನ್ನಿಗೊಂದು ಚೀಲ ಹಾಕಿಕೊಂಡು ಹಗಲಿನಲ್ಲಿ ಒಬ್ಬರೇ ಇಳಿಯುವವರು ವೇಳಾಪಟ್ಟಿ ನೋಡಿಕೊಂಡು ಹತ್ತಬಹುದು. ನನಗೆ ಅದು ಇಷ್ಟದ ದಾರಿ. ಮಂಡಿನೋವಿನವರನ್ನು ಅಲ್ಲಿಗೆ ಕರೆದೊಯ್ಯಬೇಡಿ.

ಬರುವ ಮಾಘದಲ್ಲಿ ಚಿಕ್ಕಮ್ಮ ಕಾಶಿಗೆ ಹೋಗಬೇಕೆನ್ನುತ್ತಿದ್ದಾರೆ. ಮಧ್ಯಾಹ್ನ ಇಳಿಯುವ ವಿಮಾನ ನೋಡಿಟ್ಟಿದ್ದೇನೆ, ನಮ್ಮ ಬೀದಿಯ ಚಾಲಕರಿಗೆ ದಿನಾಂಕ ಹೇಳಿದ್ದೇನೆ, ಅಂಗಡಿಯ ತಕ್ಕಡಿಯಲ್ಲಿ ಒಂದು ಗಿಂಡಿ ತೂಗಿ ನೋಡಿ ಎಷ್ಟು ತರಬಹುದೆಂದು ಚಿಕ್ಕಮ್ಮನಿಗೆ ಬರೆದುಕೊಟ್ಟಿದ್ದೇನೆ. ಬರುವ ದಿನ ದೇವನಹಳ್ಳಿಯ ನಿಲ್ದಾಣದ ಹತ್ತಿರ ಐದು ನಿಮಿಷ ಕಾರು ನಿಲ್ಲಿಸಬೇಕೆಂದು ಅವರು ಈಗಾಗಲೇ ಹೇಳಿದ್ದಾರೆ. ಮಧ್ಯಾಹ್ನ ಆ ಇಡ್ಲಿ ಗಾಡಿ ಇರುವುದಿಲ್ಲವೆಂದರೆ, ಪಕ್ಕದ ಅಂಗಡಿಯಲ್ಲಾದರೂ ಆಕೆಗೆ ಕಾಶಿದಾರ ಕೊಟ್ಟು ಬರಬೇಕಂತೆ.