ಡೇಟನ್‌ನಲ್ಲಿ ಮಾರ್ಚ್ ಬಾಸ್ಕೆಟ್‌ಬಾಲ್: ಬೇರೆ ಊರಿನ ಟೀಮಿಗೆ ಕೂಗೋ ಊರು

ಓಹಾಯೋದ ಕೊಲಂಬಸ್‌ನಿಂದ ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟ್ರೆ ಡೇಟನ್‌ಗೆ ಒಂದೂ ಕಾಲು ಗಂಟೆ ದಾರಿ, ಮಧ್ಯದಲ್ಲಿ ಸ್ಪ್ರಿಂಗ್‌ಫೀಲ್ಡ್ ಬಿಟ್ರೆ ಬರೀ ಜೋಳದ ಹೊಲ, ಮಾರ್ಚ್‌ನಲ್ಲಿ ಅದೂ ಖಾಲಿ. 2023ರ ಮಾರ್ಚ್ 15, ಬುಧವಾರ. ಮೈಸೂರಿಂದ ಬಂದಿದ್ದ ನನ್ನ ಭಾಮೈದನ್ನ ಕರ್ಕೊಂಡು ಹೊರಟೆ. ಇಲ್ಲಿಗೆ ಬಂದೋರನ್ನೆಲ್ಲಾ ನಯಾಗರಾ, ಚಿಕಾಗೋ ಅಂತ ಸುತ್ತಿಸ್ತೀವಿ, ಆದ್ರೆ ಅಮೆರಿಕದ ಒಂದು ಸಾಧಾರಣ ಊರು ಹೇಗೆ ಬದುಕುತ್ತೆ ಅಂತ ತೋರಿಸ್ಬೇಕಾದ್ರೆ ಮಾರ್ಚ್ ಮಧ್ಯದ ಡೇಟನ್ನೇ ಸರಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಕಾಲೇಜು ಬಾಸ್ಕೆಟ್‌ಬಾಲ್ ನಡೆಸೋ ಎನ್‌ಸಿಎಎ ಪ್ರತಿ ಮಾರ್ಚ್‌ನಲ್ಲಿ 68 ಟೀಮುಗಳ ಟೂರ್ನಿ ಮಾಡುತ್ತೆ. ಭಾನುವಾರ ಸಂಜೆ ಟಿವಿಯಲ್ಲಿ ಪಟ್ಟಿ ಬರುತ್ತೆ, ಆಮೇಲೆ ಮಂಗಳವಾರ-ಬುಧವಾರ ಕೊನೆ ಸಾಲಿನ ಎಂಟು ಟೀಮು ತಮ್ಮತಮ್ಮಲ್ಲೇ ಆಡಿ ನಾಲ್ಕಕ್ಕೆ ಇಳೀತವೆ. ಇದಕ್ಕೆ ಫಸ್ಟ್ ಫೋರ್ ಅಂತಾರೆ. 2011ರಲ್ಲಿ ಶುರುವಾದಾಗಿಂದ ಇದು ಡೇಟನ್‌ನಲ್ಲೇ, ಅದಕ್ಕೂ ಮುಂಚೆ 2001ರಿಂದ ಒಂದೇ ಒಂದು ಆರಂಭದ ಮ್ಯಾಚ್ ಇತ್ತಲ್ಲ, ಅದೂ ಇಲ್ಲೇ. ಕೊರೋನಾದಿಂದ 2020ರಲ್ಲಿ ಎಲ್ಲಾ ರದ್ದಾಯ್ತು, 2021ರಲ್ಲಿ ಇಡೀ ಟೂರ್ನಿ ಇಂಡಿಯಾನಾಗೆ ಹೋಯ್ತು, ಅಷ್ಟೇ. ಮುಂದಿನ ರೌಂಡುಗಳಿಗೆ ಮಾತ್ರ ಊರುಗಳ ಮಧ್ಯೆ ಭಾರೀ ಪೈಪೋಟಿ. ಗ್ರೀನ್ಸ್‌ಬರೋ, ಗ್ರೀನ್‌ವಿಲ್, ಡಿ ಮೊಯಿನ್, ಒಮಾಹಾ, ಸ್ಪೋಕೇನ್, ಆಲ್ಬನಿ, ಹೀಗೆ ನ್ಯೂಯಾರ್ಕ್ ಲಾಸ್ ಏಂಜಲೀಸ್ ಅಲ್ಲದ ಊರುಗಳು ವರ್ಷಗಳ ಮುಂಚೆಯೇ ಬಿಡ್ ಹಾಕ್ತವೆ. ಇಷ್ಟು ಸೀಟಿನ ಅರೀನಾ ಇದೆ, ಇಷ್ಟು ಹೋಟೆಲ್ ರೂಮ್ ಹಿಡಿದಿಡ್ತೀವಿ, ಟೀಮುಗಳ ಓಡಾಟಕ್ಕೆ ಹೀಗೆ ವ್ಯವಸ್ಥೆ, ಹತ್ತಿರದ ಕಾಲೇಜು ಆತಿಥ್ಯ ವಹಿಸ್ಕೊಳ್ಳುತ್ತೆ ಅಂತೆಲ್ಲಾ ಬರೆದು ಕಳಿಸ್ಬೇಕು, ಗೆದ್ದೋರಿಗೆ ಒಂದು ವಾರಾಂತ್ಯದ ಮ್ಯಾಚುಗಳು ಸಿಗ್ತವೆ.

ಬೆಳಿಗ್ಗೆ ಮೊದಲು ಏರ್ ಫೋರ್ಸ್ ಮ್ಯೂಸಿಯಂಗೆ ಹೋದ್ವಿ, ರೈಟ್-ಪ್ಯಾಟರ್ಸನ್ ವಾಯುನೆಲೆ ಪಕ್ಕದಲ್ಲಿದೆ, ಟಿಕೆಟ್ ಇಲ್ಲ, ಫ್ರೀ. ಕೆನಡಿ ಓಡಾಡ್ತಿದ್ದ ವಿಮಾನದ ಒಳಗೇ ನಡ್ಕೊಂಡು ಹೋಗ್ಬೋದು. ಅಲ್ಲಿಂದ ಕ್ಯಾರಿಲಾನ್ ಪಾರ್ಕು, ರೈಟ್ ಸಹೋದರರ 1905ರ ವಿಮಾನ ಇಟ್ಟಿದ್ದಾರೆ, ಅವರಿಬ್ಬರೂ ಸೈಕಲ್ ಅಂಗಡಿ ಇಟ್ಕೊಂಡಿದ್ದು ಇದೇ ಊರಲ್ಲಿ. ಭಾಮೈದ ಆ ವಿಮಾನದ ಮುಂದಿಂದ ಕದಲ್ಲಿಲ್ಲ, ನಾನೂ ಅವಸರ ಮಾಡ್ಲಿಲ್ಲ.

ಆದ್ರೆ ಈ ಊರು ಸುಖವಾಗಿ ಕೂತಿರೋ ಊರಲ್ಲ. 1913ರ ಪ್ರವಾಹ ಪೇಟೆಯನ್ನ ಮುಳುಗಿಸಿತ್ತು. 2008ರ ಕೊನೆಗೆ ಪಕ್ಕದ ಮೊರೇನ್‌ನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆ ಮುಚ್ಚಿತು, ಮುಂದಿನ ವರ್ಷ ಇಲ್ಲೇ ಹುಟ್ಟಿ ಬೆಳೆದ ಎನ್‌ಸಿಆರ್ ಕಂಪನಿ ಜಾರ್ಜಿಯಾಗೆ ಹೊರಟೋಯ್ತು. 2019ರ ಮೇ ಕೊನೆಗೆ ಸುಂಟರಗಾಳಿ ಬಡೀತು, ಆಗಸ್ಟ್‌ನಲ್ಲಿ ಆರೆಗಾನ್ ಡಿಸ್ಟ್ರಿಕ್ಟ್ ಅನ್ನೋ ಹಳೇ ಇಟ್ಟಿಗೆ ಕಟ್ಟಡಗಳ ಬೀದಿಯಲ್ಲಿ ಗುಂಡಿನ ದಾಳಿಗೆ ಒಂಬತ್ತು ಜನ ಸತ್ರು. ಅದೇ ಬೀದೀಲಿ ಮಧ್ಯಾಹ್ನ ಸ್ವಲ್ಪ ಹೊತ್ತು ನಡೆದಾಡಿದ್ವಿ. ಆಮೇಲೆ 2020ರ ಮಾರ್ಚ್. ಡೇಟನ್ ಯೂನಿವರ್ಸಿಟಿ ಟೀಮು 29 ಗೆದ್ದು ಎರಡೇ ಸೋತು ದೇಶಕ್ಕೆ ಮೂರನೇ ಸ್ಥಾನದಲ್ಲಿತ್ತು, ಒಬಿ ಟಾಪಿನ್ ಅನ್ನೋ ಸ್ಟಾರ್ ಆಟಗಾರ ಇದ್ದ ಟೀಮು, ಇನ್ನೇನು ಟೂರ್ನಿ ಶುರು ಅನ್ನುವಾಗ ರದ್ದು. ಆ ವರ್ಷ ಅವರಿಗೆ ತಮ್ಮ ಟೀಮೂ ಇಲ್ಲ, ತಮ್ಮೂರಿನ ಫಸ್ಟ್ ಫೋರೂ ಇಲ್ಲ. ಪಿಜ್ಜಾ ತಿನ್ನೋಕೆ ಮೇರಿಯನ್ಸ್‌ಗೆ ಹೋಗಿದ್ವಿ (ತೆಳ್ಳಗಿನ ಪಿಜ್ಜಾನ ಸಣ್ಣ ಸಣ್ಣ ಚೌಕ ಮಾಡಿ ಕೊಡ್ತಾರೆ, ಚೆನ್ನಾಗಿದೆ), ಪಕ್ಕದ ಟೇಬಲಿನ ಹಿರಿಯರೊಬ್ಬರು ಮಾತಿಗೆ ಸಿಕ್ಕಿ ಆ ವರ್ಷದ ವಿಷಯ ತೆಗೆದು ಅರ್ಧಕ್ಕೇ ನಿಲ್ಲಿಸಿ ತಲೆ ಆಡಿಸಿದ್ರು, ಮೂರು ವರ್ಷ ಆದ್ರೂ ಆ ನೋವು ಹಂಗೇ ಇದೆ.

ಸಂಜೆ ಅರೀನಾಗೆ ಹೋಗೋ ರಸ್ತೆ ಹೆಸರು ಎಡ್ವಿನ್ ಸಿ ಮೋಸಸ್ ಬುಲೆವಾರ್ಡ್. 400 ಮೀಟರ್ ಹರ್ಡಲ್ಸ್‌ನಲ್ಲಿ ಸತತ 122 ರೇಸ್ ಗೆದ್ದು 1976 ಮತ್ತು 1984ರಲ್ಲಿ ಒಲಿಂಪಿಕ್ ಚಿನ್ನ ತಂದ ಮೋಸಸ್ ಈ ಊರಿನೋರು, ಭಾಮೈದನಿಗೆ ಹೇಳಿದ್ರೆ ಕಾರು ನಿಲ್ಲಿಸಿ ಬೋರ್ಡಿನ ಫೋಟೋ ತೆಗೀತೀನಿ ಅಂದ. ಡೇಟನ್ ಯೂನಿವರ್ಸಿಟಿಯ ಈ ಯುಡಿ ಅರೀನಾ 1969ರಲ್ಲಿ ಶುರುವಾಗಿದ್ದು, ಸುಮಾರು 13,400 ಸೀಟು. ಹೊಸ ಗಾಜಿನ ಅರಮನೆ ಕಟ್ಟೋ ಬದಲು 7 ಕೋಟಿ ಡಾಲರಿಗೂ ಜಾಸ್ತಿ ಹಾಕಿ ಹಳೇದನ್ನೇ ಸರಿಮಾಡಿದ್ರು, 2019ಕ್ಕೆ ಮುಗೀತು. ಎನ್‌ಸಿಎಎ ಪುರುಷರ ಟೂರ್ನಿಯ 120ಕ್ಕೂ ಜಾಸ್ತಿ ಮ್ಯಾಚ್ ಇಲ್ಲಿ ನಡೆದಿವೆ, ದೇಶದಲ್ಲಿ ಬೇರೆ ಯಾವ ಕಟ್ಟಡದಲ್ಲೂ ಇಷ್ಟು ನಡೆದಿಲ್ಲ. ಒಂದೂಕಾಲು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಜನ ಇರೋ ಊರಿನ ಸಾಧನೆ ಇದು!

ಮೊದಲ ಮ್ಯಾಚು ನ್ಯೂಜೆರ್ಸಿಯ ಫೇರ್ಲೀ ಡಿಕಿನ್ಸನ್‌ಗೂ ಟೆಕ್ಸಸ್ ಸದರ್ನ್‌ಗೂ. ಎರಡೂ ದೂರದ ಟೀಮು, ಎರಡೂ 16ನೇ ಸೀಡಿನ (ಸೀಡ್ ಅಂದ್ರೆ ಟೂರ್ನಿಯ ಶ್ರೇಯಾಂಕ, ಒಂದು ಎಲ್ಲಕ್ಕಿಂತ ಮೇಲು, 16 ಕೊನೇದು) ಜಾಗಕ್ಕೆ ಆಡ್ತಿರೋರು, ಅಂದ್ರೆ ಗೆದ್ದೋರು ಎರಡೇ ದಿನಕ್ಕೆ ನಂಬರ್ ಒನ್ ಸೀಡ್ ಪರ್ಡ್ಯೂ ಕೈಗೆ ಸಿಗೋರು. ಒಳಗೆ ಹೋದ್ರೆ ಡೇಟನ್ ಯೂನಿವರ್ಸಿಟಿ ಟೀಮಾದ ಫ್ಲೈಯರ್ಸ್‌ನ ಕೆಂಪು ಜಾಕೆಟ್ ಹಾಕಿರೋ ಅಜ್ಜ-ಅಜ್ಜಿ, ಯೂನಿಫಾರ್ಮ್‌ನಲ್ಲಿರೋ ವಾಯುನೆಲೆಯೋರು, ಶಾಲೆ ಮಕ್ಕಳ ಗುಂಪು. ಬಿಗ್ ಹೂಪ್ಲಾ ಅನ್ನೋ ಸ್ಥಳೀಯ ಸಮಿತಿ ಇದೆ, ಊರಿನ ವ್ಯಾಪಾರಸ್ಥರಿಂದ ದುಡ್ಡು ಎತ್ತಿ ಟಿಕೆಟ್ ಕೊಂಡು ಸೈನಿಕರ ಕುಟುಂಬಗಳಿಗೆ, ವಿದ್ಯಾರ್ಥಿಗಳಿಗೆ ಹಂಚ್ತಾರೆ.

"ಭಾವ, ಇವ್ರಲ್ಲಿ ಒಂದೂ ಈ ಊರಿನ ಟೀಮಲ್ವಲ್ಲ, ಮತ್ತೆ ಇಷ್ಟೊಂದು ಜನ ಯಾಕ್ ಬಂದಿದಾರೆ?" ಅಂದ ಭಾಮೈದ. ಅವನು 2010ರ ಜನವರೀಲಿ ಮಾನಸಗಂಗೋತ್ರಿ ಗ್ರೌಂಡಲ್ಲಿ ನಡೆದ ರಣಜಿ ಫೈನಲ್‌ಗೆ ಹೋಗಿದ್ದೋನು, ಮನೀಶ್ ಪಾಂಡೆ ಸೆಂಚುರಿ ಹೊಡೆದ್ರೂ ಆರೇ ಆರು ರನ್ನಿಂದ ಮುಂಬೈಗೆ ಸೋತ ಮ್ಯಾಚು. "ಆವತ್ತು ಇಡೀ ಮೈಸೂರು ಬಂದಿತ್ತು, ಆದ್ರೆ ನಾವು ಬಂದಿದ್ದು ಕರ್ನಾಟಕ ಆಡ್ತಿದೆ ಅಂತ" ಅಂದ. ನಾನು ಉತ್ತರ ಹುಡುಕೋ ಮೊದಲೇ ಹಿಂದಿನ ಸಾಲಿನ ಅಜ್ಜಿ ನಮ್ಮ ಭುಜ ತಟ್ಟಿ ಯಾರ ಕಡೆ ನೀವು ಅಂತ ಕೇಳಿದ್ರು, ಇನ್ನೂ ಗೊತ್ತಿಲ್ಲ ಅಂದ್ವಿ, ಹಾಗಾದ್ರೆ ಕುಳ್ಳಗಿರೋರ ಕಡೆ ಇರಿ ಅಂದ್ರು.

ಕುಳ್ಳಗಿರೋರು ಅಂದ್ರೆ ಫೇರ್ಲೀ ಡಿಕಿನ್ಸನ್. ಆ ವರ್ಷ ಡಿವಿಷನ್ ಒನ್‌ನ (ಕಾಲೇಜು ಆಟದ ಮೇಲಿನ ದರ್ಜೆ) ಎಲ್ಲಾ ಟೀಮುಗಳಲ್ಲಿ ಸರಾಸರಿ ಎತ್ತರ ಇವರದ್ದೇ ಕಮ್ಮಿ, ಡೆಮೆಟ್ರೆ ರಾಬರ್ಟ್ಸ್ ಅಂತ ಗಾರ್ಡ್ ಐದಡಿ ಎಂಟಿಂಚು, ನನ್ನ ಭಾಮೈದನಷ್ಟೇ. ತಮ್ಮ ಲೀಗಿನ ಫೈನಲ್‌ನಲ್ಲಿ ಮೆರಿಮ್ಯಾಕ್ ಕಾಲೇಜಿನ ಕೈಲಿ ಒಂದು ಪಾಯಿಂಟಿಂದ ಸೋತಿದ್ರು, ಆದ್ರೆ ಮೆರಿಮ್ಯಾಕ್ ಡಿವಿಷನ್ ಟೂನಿಂದ ಮೇಲೆ ಬರ್ತಾ ಇದ್ದಿದ್ರಿಂದ ಅದಕ್ಕೆ ಟೂರ್ನಿ ಅರ್ಹತೆ ಇರ್ಲಿಲ್ಲ, ಜಾಗ ಇವರಿಗೆ ಬಂತು. ಕೋಚ್ ಟೋಬಿನ್ ಆಂಡರ್ಸನ್‌ಗೆ ಅದು ಮೊದಲ ವರ್ಷ. ಚೆಂಡು ಸಿಕ್ಕ ಕೂಡ್ಲೇ ಓಡ್ತಾರೆ, ಎದುರಾಳಿ ಗೆರೆಯಾಚೆಯಿಂದ ಚೆಂಡು ಒಳಗೆ ಎಸೆಯೋವಾಗ್ಲೇ ಮೈಮೇಲೆ ಬೀಳ್ತಾರೆ, ಟೆಕ್ಸಸ್ ಸದರ್ನ್‌ಗೆ ಉಸಿರಾಡೋಕೆ ಬಿಡ್ಲಿಲ್ಲ, 84-61. ಚೆಂಡು ಕಸಿದ ಪ್ರತಿ ಸಲವೂ ಆ ಕೆಂಪು ಜಾಕೆಟ್ಟುಗಳು ಎದ್ದು ನಿಂತು ಕೂಗ್ತಿದ್ದಿದ್ದು ನೋಡಿ ಭಾಮೈದನ ಪ್ರಶ್ನೆ ಅವನಿಗೇ ಮರೆತೋಯ್ತು. ಎರಡನೇ ಮ್ಯಾಚಲ್ಲಿ ಅರಿಜೋನಾ ಸ್ಟೇಟ್ ನೆವಾಡಾನ 98-73ಕ್ಕೆ ಸೋಲಿಸ್ತು, ಅದು ಒಮ್ಮುಖದ ಆಟ, ಅದರ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಇದೇ ಅರೀನಾದಲ್ಲಿ 2012ರಲ್ಲಿ ಒಬಾಮಾ ಬ್ರಿಟನ್ ಪ್ರಧಾನಿ ಕ್ಯಾಮರಾನ್‌ರನ್ನ ಕರ್ಕೊಂಡು ಬಂದು ಕೂತಿದ್ರು. 2015ರಲ್ಲಿ ಡೇಟನ್ ಟೀಮಿಗೇ ಫಸ್ಟ್ ಫೋರ್ ಬಂದು, ಸ್ವಂತ ಅಂಗಳದಲ್ಲಿ ಟೂರ್ನಿ ಮ್ಯಾಚ್ ಆಡೋ ಅಪರೂಪದ ಅವಕಾಶ ಸಿಕ್ಕಿ ಬಾಯ್ಸಿ ಸ್ಟೇಟ್ ವಿರುದ್ಧ 56-55ಕ್ಕೆ ಗೆದ್ರು, ಬೇರೆ ರೌಂಡುಗಳಲ್ಲಾದ್ರೆ ಅದಕ್ಕೆ ಬಿಡೋದಿಲ್ಲ.

ವಾಪಸ್ ಬರೋವಾಗ ಕಾರಲ್ಲಿ ಇದೇ ಮಾತು. ಬಿಡ್ ಗೆಲ್ಲೋದು ಊರಿನ ಕೈಯಲ್ಲೇ ಇರಲ್ಲ ಅನ್ನೋದೂ ನಿಜ. 2016ರಲ್ಲಿ ಉತ್ತರ ಕ್ಯಾರೊಲಿನಾ ಸರ್ಕಾರ ಟ್ರಾನ್ಸ್‌ಜೆಂಡರ್ ಜನ ಯಾವ ಶೌಚಾಲಯ ಬಳಸ್ಬೇಕು ಅಂತ ಕಾನೂನು ತಂದಿದ್ದಕ್ಕೆ, ಎನ್‌ಸಿಎಎಯೋರು 2017ರ ಮ್ಯಾಚುಗಳನ್ನ ಆ ರಾಜ್ಯದ ಗ್ರೀನ್ಸ್‌ಬರೋದಿಂದ ಕಿತ್ತು ದಕ್ಷಿಣ ಕ್ಯಾರೊಲಿನಾದ ಗ್ರೀನ್‌ವಿಲ್‌ಗೆ ಕೊಟ್ರು. ಆ ಗ್ರೀನ್‌ವಿಲ್ ಕೂಡ ತನ್ನ ರಾಜ್ಯದ ರಾಜಧಾನಿಯಲ್ಲಿ ಕಾನ್‌ಫೆಡರೇಟ್ ಬಾವುಟ (ಅಂತರ್ಯುದ್ಧದಲ್ಲಿ ಗುಲಾಮಗಿರಿ ಪರ ನಿಂತ ರಾಜ್ಯಗಳದ್ದು) ಹಾರ್ತಿದ್ದ ಕಾರಣಕ್ಕೆ ವರ್ಷಗಟ್ಟಲೆ ಹೊರಗಿತ್ತು, 2015ರಲ್ಲಿ ಬಾವುಟ ಇಳಿಸಿದ ಮೇಲೆ ದಾರಿ ತೆರೀತು. ಶಾಸನಸಭೆಯಲ್ಲಿ ಆಗೋ ತೀರ್ಮಾನಕ್ಕೆ ಊರಿನ ಹೋಟೆಲಿನೋರು ಬೆಲೆ ತೆರಬೇಕಾಗುತ್ತೆ. ಇನ್ನು ನಾವು ಹೋಗಿ ಬಂದ ಮುಂದಿನ ವರ್ಷ ಸ್ಪೋಕೇನ್‌ನಲ್ಲಿ ಪುರುಷರ, ಮಹಿಳೆಯರ ಮ್ಯಾಚು ಒಟ್ಟಿಗೆ ಬಂದು ಹೋಟೆಲ್ ಸಾಲದೆ, ಯೂಟಾ ಮಹಿಳಾ ಟೀಮನ್ನ ಪಕ್ಕದ ಐಡಾಹೋದ ಕೋರ್ ಡಲೇನ್‌ನಲ್ಲಿ ಇಳಿಸಿದ್ರು, ಅಲ್ಲಿ ಬೀದೀಲಿ ಆ ಹುಡುಗೀರಿಗೆ ಜನಾಂಗೀಯ ಬೈಗುಳ ಕೇಳ್ಬೇಕಾಗಿ ಬಂತು. ಬಿಡ್ ಕಾಗದದಲ್ಲಿ ರೂಮಿನ ಲೆಕ್ಕ ಬರೀಬೋದು, ರಾತ್ರಿ ಊಟಕ್ಕೆ ಹೊರಟ ಆಟಗಾರ್ತಿ ನಿರ್ಭಯವಾಗಿ ನಡೆದು ಬರ್ತಾಳೋ ಇಲ್ವೋ ಅನ್ನೋದಕ್ಕೆ ಅಲ್ಲಿ ಕಾಲಮ್ಮೇ ಇರಲ್ಲ, ಡೇಟನ್‌ನಂಥ ಊರಿನ ಬೆಲೆ ನನಗೆ ಗೊತ್ತಾಗೋದು ಅಲ್ಲಿ.

ಶುಕ್ರವಾರ ರಾತ್ರಿ ಪರ್ಡ್ಯೂ ಮ್ಯಾಚು ನಮ್ಮ ಕೊಲಂಬಸ್‌ನಲ್ಲೇ ಇತ್ತು, ಟಿಕೆಟ್ ಸಿಗ್ಲಿಲ್ಲ, ಮನೇಲಿ ಟಿವಿ ಮುಂದೆ ಕೂತ್ವಿ. ಪರ್ಡ್ಯೂನ ಏಳಡಿ ನಾಲ್ಕಿಂಚಿನ ಜ್ಯಾಕ್ ಈಡಿ ಸುತ್ತ ಆ ಕುಳ್ಳ ಹುಡುಗರು ಮುತ್ಕೊಂಡು, 63-58. 16ನೇ ಸೀಡು ಒಂದನೇ ಸೀಡನ್ನ ಸೋಲಿಸಿದ್ದು ಪುರುಷರ ಟೂರ್ನಿಯಲ್ಲಿ ಎರಡನೇ ಸಲ, ಮೊದಲನೇದು 2018ರಲ್ಲಿ ಯುಎಂಬಿಸಿ ಅನ್ನೋ ಮೇರಿಲ್ಯಾಂಡಿನ ಯೂನಿವರ್ಸಿಟಿ. 19 ಪಾಯಿಂಟ್ ಹೊಡೆದ ಶಾನ್ ಮೂರ್ ಕೊಲಂಬಸ್ ಕಡೆ ಹುಡುಗನೇ. ಭಾಮೈದ ಸೋಫಾ ಮೇಲೆ ನಿಂತು ಕೂಗ್ತಿದ್ದ, ನನ್ನ ಹೆಂಡ್ತಿ ಮಗು ಎದ್ದೇಳುತ್ತೆ ಕಣೋ ಅಂತ ಬೈದು ಆಮೇಲೆ ತಾನೂ ಬಂದು ಕೂತ್ಲು.

ಹೋಗೋ ಮನಸ್ಸಿರೋರಿಗೆ: ಒಂದು ಟಿಕೆಟ್‌ಗೆ ಆ ಸಂಜೆಯ ಎರಡು ಮ್ಯಾಚು. ಬೆಳಿಗ್ಗೆನೇ ಹೋಗಿ ಮ್ಯೂಸಿಯಂಗೆ ಅರ್ಧ ದಿನ ಇಟ್ಕೊಳ್ಳಿ, ಸ್ವೆಟರ್ ಬೇಕೇ ಬೇಕು, ಎರಡನೇ ಮ್ಯಾಚ್ ಮುಗಿಯೋಷ್ಟರಲ್ಲಿ ನಡುರಾತ್ರಿ ಹತ್ತಿರ ಆಗುತ್ತೆ, ಡ್ರೈವ್ ಮಾಡೋಕೆ ಇನ್ನೊಬ್ಬರಿದ್ರೆ ಒಳ್ಳೇದು. ಯಾರ ಕಡೆ ಕೂಗ್ಬೇಕು ಅಂತ ಮೊದಲೇ ತೀರ್ಮಾನ ಮಾಡ್ಕೊಂಡು ಹೋಗ್ಬೇಡಿ, ಪಕ್ಕದ ಸೀಟಿನೋರನ್ನ ಕೇಳಿ.