ಎರಡನೇ ಸಲ ಓದಿದ್ದು ಯಾವುದು, ಹೇಳ್ರಿ

"ನೀವೆಲ್ಲಾರೂ ಭಾಳ ಛಲೋ ಛಲೋ ಪುಸ್ತಕದ ಹೆಸರ ಹೇಳಿದ್ರಿ. ಎರಡನೇ ಸಲ ಓದಿದ್ದು ಯಾವುದು, ಅದನ್ನ ಹೇಳ್ರಿ."

ಭಾನುವಾರ ಸಂಜೆ ಕೇಳಿದ ಮಾತು ಇದು. ಇವತ್ತು ಗುರುವಾರ. ಆಫೀಸಿನಲ್ಲಿ ಫೈಲು ನೋಡುವಾಗ, ಸಂತೆಯಲ್ಲಿ ಸೊಪ್ಪು ಆರಿಸುವಾಗ, ರಾತ್ರಿ ನಿದ್ದೆ ಬರದಿರುವಾಗ ಇದೇ ಮಾತು ಮತ್ತೆ ಮತ್ತೆ ಕಿವಿಯಲ್ಲಿ ಕೇಳುತ್ತಿದೆ. ಹೇಳಿದ ದನಿಯೂ ಹಾಗೇ ನೆನಪಿದೆ. ಅದರಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿ ಗೊತ್ತಾಗಬೇಕಿತ್ತು ಅವರಿಗೆ, ಅದಕ್ಕೇ ಕೇಳಿದರು.

ಕೇಳಿದವರು ನರ್ಸ್ ಆಗಿ ನಿವೃತ್ತರಾದವರು. ನಮ್ಮ ಓದುಗರ ಗುಂಪಿಗೆ ಮೊದಲ ಸಲ ಬಂದಿದ್ದರು. ಎಲ್ಲರೂ ಸಿಸ್ಟರ್ ಅಂತಲೇ ಕರೆದೆವು. ತಿಂಗಳಿಗೊಮ್ಮೆ ಧಾರವಾಡದಲ್ಲಿ ಒಬ್ಬರ ಮನೆಯ ಅಟ್ಟದ ಮೇಲೆ ಸೇರುತ್ತೇವೆ. ಚಹಾ, ಅವಲಕ್ಕಿ, ಆಮೇಲೆ ಮಾತು. ಈ ಸಲದ ವಿಷಯ ಸರಳವಾಗಿತ್ತು: ಒಬ್ಬೊಬ್ಬರೂ ತಮ್ಮ ಮೆಚ್ಚಿನ ಲೇಖಕರು ಯಾರು ಅಂತ ಹೇಳಬೇಕು, ಉಳಿದವರಿಗೆ ಓದಲು ಒಂದು ಪುಸ್ತಕ ಸೂಚಿಸಬೇಕು.

ಮೊದಲು ಶುರು ಮಾಡಿದ್ದು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದ ಸರ್. ಯಾವಾಗಲೂ ಅವರೇ ಮೊದಲು. ಅವರ ಓದು ದೊಡ್ಡದು, ಮನಸ್ಸೂ ದೊಡ್ಡದು. ಯಾರು ಕೇಳಿದರೂ ತಮ್ಮ ಸ್ವಂತ ಪ್ರತಿಯನ್ನೇ ತಂದು ಕೊಡುತ್ತಾರೆ. ಆದರೆ ಅವರು ಮಾತಾಡಿದ ಮೇಲೆ ಉಳಿದವರ ದನಿ ತಗ್ಗುತ್ತದೆ. ಅವರು ಮಲೆಗಳಲ್ಲಿ ಮದುಮಗಳು ಅಂದರು. ಅಲ್ಲಿಂದ ಮುಂದೆ ಎಲ್ಲರೂ ಅದೇ ಎತ್ತರದಲ್ಲೇ ನಡೆದರು. ಒಬ್ಬರು ಸಂಸ್ಕಾರ, ಒಬ್ಬರು ಮರಳಿ ಮಣ್ಣಿಗೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ ಪರ್ವ ಅಂದಳು. ಯಾರೂ ತಕರಾರು ಮಾಡಲಾಗದ ಪುಸ್ತಕಗಳು. ಯಾಕೆ ಅಂತ ಕೇಳಿದರೆ ಹೇಳಲು ಮಾತೂ ಸಿದ್ಧ ಇರುತ್ತದೆ: ಮಹಾಕಾದಂಬರಿ, ಮೈಲಿಗಲ್ಲು, ಓದಲೇಬೇಕು.

ಸಿಸ್ಟರ್ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಎಲ್ಲ ಕೇಳಿಸಿಕೊಂಡರು. ಒಂದೆರಡು ಹೆಸರನ್ನು ಡೈರಿಯಲ್ಲಿ ಬರೆದುಕೊಂಡರು. ಅವರ ಸರದಿ ಬಂದಾಗ ಈ ಪ್ರಶ್ನೆ ಕೇಳಿದರು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೊದಲು ಬಾಯಿ ತೆಗೆದದ್ದು ಕೊರಿಯರ್ ಕಂಪನಿಯಲ್ಲಿ ದುಡಿಯುವ ಹುಡುಗ. ಅವನು ತ.ರಾ.ಸು. ಅವರ ದುರ್ಗಾಸ್ತಮಾನವನ್ನು ಅದೆಷ್ಟೋ ಸಲ ಓದಿದ್ದಾನಂತೆ. "ಕಡೀಕೆ ದುರ್ಗ ಬೀಳ್ತದ ಅಂತ ಗೊತ್ತೈತ್ರಿ. ಆದ್ರೂ ಪ್ರತಿ ಸಲ ಓದುವಾಗ, ಈ ಸಲ ಬೀಳಲಿಕ್ಕಿಲ್ಲ ಅನ್ನಿಸ್ತೈತಿ" ಅಂದ. 1779ರಲ್ಲಿ ಹೈದರಾಲಿಗೆ ಸೋತ ಮದಕರಿ ನಾಯಕ ಇವನ ಓದಿನಲ್ಲಿ ಪ್ರತಿ ಸಲವೂ ಗೆಲ್ಲುವ ಹಂತಕ್ಕೆ ಬರುತ್ತಾನೆ. ಆ ಕಾದಂಬರಿಯ ಬಗ್ಗೆ ಎಷ್ಟೋ ವಿಮರ್ಶೆ ಓದಿದ್ದೇನೆ. ಯಾವುದೂ ನನ್ನನ್ನು ಹೀಗೆ ಪುಸ್ತಕದ ಕಡೆಗೆ ತಳ್ಳಿರಲಿಲ್ಲ.

ಬ್ಯಾಂಕಿನ ಹುಡುಗಿ ಪರ್ವ ಬಿಟ್ಟು ತೇಜಸ್ವಿಯವರ ಕರ್ವಾಲೊಗೆ ಬಂದಳು. ಬೇರೆ ಊರಿಗೆ ವರ್ಗವಾದಾಗಲೆಲ್ಲ ಮೊದಲ ವಾರ ಅದನ್ನೇ ಓದುತ್ತಾಳಂತೆ. ಗುರುತು ಪರಿಚಯ ಇಲ್ಲದ ಊರಿನ ಬಾಡಿಗೆ ಕೋಣೆಯಲ್ಲಿ ಅದರಲ್ಲಿ ಬರುವ ಮಂದಣ್ಣ, ಪ್ಯಾರ, ಕಿವಿ ಎಂಬ ನಾಯಿ ಇದ್ದರೆ ಸಾಕು ಅಂದಳು. ಖಾನಾವಳಿ ನಡೆಸುವ ಅಕ್ಕ ಒಬ್ಬರಿದ್ದಾರೆ. ಅಲ್ಲಿಯವರೆಗೆ ಏನೂ ಮಾತಾಡದವರು, ಎಂ.ಕೆ. ಇಂದಿರಾ ಅವರ ಫಣಿಯಮ್ಮ ಅಂದರು. ನಾನು ಶ್ರೀನಿವಾಸ ವೈದ್ಯರ ಹಳ್ಳ ಬಂತು ಹಳ್ಳ ಅಂದೆ. ನವಲಗುಂದದ ಆ ಮನೆತನದ ಕಥೆಯಲ್ಲಿ ನಮ್ಮ ಅಜ್ಜಿಯ ಮಾತು ಕೇಳಿಸುತ್ತದೆ, ಅದಕ್ಕೇ ಮತ್ತೆ ಮತ್ತೆ ಹೋಗುತ್ತೇನೆ.

ಐದು ನಿಮಿಷದಲ್ಲಿ ಅಟ್ಟದ ಮೇಲಿನ ಗಾಳಿಯೇ ಬದಲಾಯಿತು. ಅದಕ್ಕೂ ಮೊದಲು ಜನ ಪುಸ್ತಕದ ಬಗ್ಗೆ ಮಾತಾಡುತ್ತಿದ್ದರು. ಈಗ ತಮ್ಮ ಬಗ್ಗೆ ಹೇಳುತ್ತಿದ್ದರು, ಪುಸ್ತಕದ ಹೆಸರು ಹಿಡಿದುಕೊಂಡು.

ಸರ್ ಮಾತ್ರ, "ನನಗೆ ಎಲ್ಲಾನೂ ಹತ್ತಾರು ಸಲ ಓದೋದು ಆಗೇತಿ, ಪಾಠ ಮಾಡಲಿಕ್ಕೆ" ಅಂದರು. ನಿಜವೇ ಇರಬಹುದು. ಆದರೆ ಸಿಸ್ಟರ್ ಕೇಳಿದ್ದು ಅದಲ್ಲ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು.

"ನಿಮ್ಮದು ಯಾವುದ್ರೀ ಸಿಸ್ಟರ್?" ಅಂತ ಖಾನಾವಳಿ ಅಕ್ಕ ಕೇಳಿದರು.

"ಶರಪಂಜರ."

ಸರ್ ನಕ್ಕರು. "ತ್ರಿವೇಣೀದಾ? ಅದು ಹೆಂಗಸರು ಮಧ್ಯಾಹ್ನ ಊಟ ಆದ ಮ್ಯಾಲೆ ಓದೋದು ಬಿಡ್ರಿ. ನಾ ಸಿನಿಮಾ ನೋಡೇನಿ."

ನನಗೆ ಮೈಯೆಲ್ಲ ಉರಿಯಿತು. ಸಿಸ್ಟರ್‌ಗೆ ಸಿಟ್ಟು ಬರಲಿಲ್ಲ. "ಸಿನಿಮಾ ಎಲ್ಲಾರ ಜೋಡಿ ಕೂತು ನೋಡತೀವ್ರಿ ಸರ್. ಪುಸ್ತಕ ಒಬ್ಬರ ಕೂತು ಓದಬೇಕಾಗ್ತದ. ಅದಕ್ಕ ನಾ ಪುಸ್ತಕನ ಕೊಡ್ತಿದ್ದೆ" ಅಂದರು.

ಯಾರಿಗೆ ಕೊಡ್ತಿದ್ರಿ ಅಂತ ಕೇಳಿದೆ. ಅವರು ಬಹಳ ವರ್ಷ ಮಾನಸಿಕ ಕಾಯಿಲೆಯ ವಾರ್ಡಿನಲ್ಲಿ ಕೆಲಸ ಮಾಡಿದವರು. ಕಾಲೇಜಿನ ದಿನಗಳಲ್ಲಿ ಶರಪಂಜರ ಓದಿ ಅತ್ತು ಮರೆತಿದ್ದರು. ವಾರ್ಡಿಗೆ ಬಂದ ಮೇಲೆ ಒಂದು ದಿನ ಮತ್ತೆ ಓದಿದರು. ಆಗ ಅದು ಬೇರೆಯದೇ ಪುಸ್ತಕ ಅನ್ನಿಸಿತಂತೆ. ಕಾದಂಬರಿಯ ನಾಯಕಿ ಕಾವೇರಿಗೆ ಹೆರಿಗೆಯ ನಂತರ ಮನಸ್ಸು ಕೆಡುತ್ತದೆ. ಆಸ್ಪತ್ರೆ ಸೇರುತ್ತಾಳೆ, ಗುಣವಾಗುತ್ತಾಳೆ, ಮನೆಗೆ ಬರುತ್ತಾಳೆ. ಕಷ್ಟ ಶುರುವಾಗುವುದು ಆಮೇಲೆ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ, ಸುಮ್ನೆ ಕೂತರೂ ಅನುಮಾನ. "ನಾವು ಗುಣಾ ಮಾಡಿ ಕಳಸತಿದ್ವಿ. ಆರು ತಿಂಗಳಿಗೆ ಅದ ಹೆಣ್ಣುಮಗಳು ಹೊಳ್ಳಿ ಬರತಿದ್ಲು. ಯಾಕ ಅಂತ ನನಗ ಆ ಪುಸ್ತಕದಾಗ ತಿಳೀತು" ಅಂದರು ಸಿಸ್ಟರ್.

ಅಂದಿನಿಂದ, ಹೆಂಡತಿಯನ್ನೋ ಮಗಳನ್ನೋ ಮನೆಗೆ ಕರೆದುಕೊಂಡು ಹೋಗಲು ಬಂದವರಲ್ಲಿ ಓದು ಬರುವವರು ಕಂಡರೆ, ಮಾತ್ರೆಯ ಚೀಟಿಯ ಜೊತೆ ಒಂದು ಪ್ರತಿ ಕೊಡುತ್ತಿದ್ದರು. ತಮ್ಮ ಪಗಾರದಲ್ಲೇ ಕೊಂಡು. ಎಷ್ಟೋ ಜನ ಓದಿರಲಿಕ್ಕಿಲ್ಲ, ಅದು ಅವರಿಗೂ ಗೊತ್ತು. ಒಬ್ಬ ಮಾತ್ರ ಮರು ತಪಾಸಣೆಗೆ ಬಂದಾಗ ಪುಸ್ತಕ ವಾಪಸ್ ತಂದ. ರೈತ. ಓದಿದ್ಯೇನಪಾ ಅಂತ ಕೇಳಿದರೆ ಹೂಂ ಅಂದ. ಸ್ವಲ್ಪ ತಡೆದು, "ಈಗ ಆಕಿ ಒಬ್ಬಾಕಿನ ಬಾವಿಗೆ ನೀರು ತರಲಿಕ್ಕೆ ಹೋಗ್ತಾಳ್ರಿ. ಹಿಂದಿಂದ ಯಾರನ್ನೂ ಕಳಸೂದಿಲ್ಲ" ಅಂದನಂತೆ.

ಪುಸ್ತಕದ ಬಗ್ಗೆ ಇದಕ್ಕಿಂತ ದೊಡ್ಡ ಮಾತನ್ನು ನಾನು ಕೇಳಿಲ್ಲ.

ಸರ್ ಆಮೇಲೆ ಏನೂ ಅನ್ನಲಿಲ್ಲ. ಆದರೆ "ಮಧ್ಯಾಹ್ನ ಊಟ ಆದ ಮೇಲೆ ಓದೋದು" ಎಂಬ ಮಾತು ಸರ್ ಒಬ್ಬರದೇ ಅಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಕನ್ನಡದಲ್ಲಿ ಈ ಉದಾಸೀನ ಬಹಳ ಹಳೆಯದು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕನ್ನಡಕ್ಕೆ ಮೊದಲು ಬಂದದ್ದು 1955ರಲ್ಲಿ, ಕುವೆಂಪು ಅವರ ಶ್ರೀರಾಮಾಯಣ ದರ್ಶನಂಗೆ. ಒಬ್ಬ ಲೇಖಕಿಗೆ ಅದು ಬಂದದ್ದು 2004ರಲ್ಲಿ, ಗೀತಾ ನಾಗಭೂಷಣ ಅವರ ಬದುಕು ಕಾದಂಬರಿಗೆ. ನಡುವೆ ಹೆಚ್ಚು ಕಡಿಮೆ ಅರ್ಧ ಶತಮಾನ. ಆ ಅರ್ಧ ಶತಮಾನದಲ್ಲಿ ಫಣಿಯಮ್ಮ ಬಂತು, 1976ರಲ್ಲಿ. ಬಾಲ ವಿಧವೆಯಾಗಿ 112 ವರ್ಷ ಬದುಕಿದ ತಮ್ಮದೇ ಮನೆತನದ ಹಿರಿಯ ಜೀವದ ಕಥೆಯನ್ನು ಇಂದಿರಾ ಬರೆದರು. ಹೆಚ್ಚು ಶಾಲೆ ಕಲಿಯದ, ನಡುವಯಸ್ಸಿನಲ್ಲಿ ಬರೆಯಲು ಕೂತ ಹೆಣ್ಣುಮಗಳು. ಆ ಅರ್ಧ ಶತಮಾನದಲ್ಲೇ ತ್ರಿವೇಣಿ ಬರೆದರು, ಹೋದರು. 1928ರಲ್ಲಿ ಹುಟ್ಟಿದವರು 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಹೆರಿಗೆಯ ನಂತರ ಹೆಣ್ಣಿನ ಮನಸ್ಸಿಗೆ ಏನಾಗುತ್ತದೆ ಅಂತ ಬರೆದವರು, ಮನಃಶಾಸ್ತ್ರ ಓದಿದ್ದವರು. ಹತ್ತು ವರ್ಷದ ಆಸುಪಾಸಿನಲ್ಲಿ ಬರೆದ ಅವರ ಕಾದಂಬರಿಗಳು ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತವೆ.

ಹೇಗೆ ಉಳಿದವು? ಪ್ರಶಸ್ತಿಯಿಂದ ಅಲ್ಲ. ಪಠ್ಯಪುಸ್ತಕದಿಂದಲೂ ಅಷ್ಟಾಗಿ ಅಲ್ಲ. ಒಬ್ಬರು ಓದಿ ಇನ್ನೊಬ್ಬರ ಕೈಗೆ ಇಟ್ಟದ್ದರಿಂದ. ನಮ್ಮ ಓಣಿಯಲ್ಲಿ ದಿನದ ಬಾಡಿಗೆಗೆ ಕಾದಂಬರಿ ಕೊಡುವ ಅಂಗಡಿ ಇತ್ತು. ಅವ್ವ ಒಂದು ತಂದರೆ ಅದು ವಾಪಸ್ ಹೋಗುವ ಮೊದಲು ಮೂರು ಮನೆ ಸುತ್ತುತ್ತಿತ್ತು. ಮಗುವಿನ ಬಟ್ಟೆ ಅಕ್ಕನಿಂದ ತಂಗಿಗೆ ಇಳಿದು ಬರುವ ಹಾಗೆ. "ನಿಂಗ ಇದು ಬ್ಯಾಡ, ಈಗ ನೀ ಬಸುರಿ ಇದ್ದಿ, ಬಾಣಂತನ ಆದ ಮ್ಯಾಲೆ ಓದು" ಅಂತ ಅವ್ವ ಪಕ್ಕದ ಮನೆಯ ವೈನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಯಾರಿಗೆ, ಯಾವಾಗ, ಯಾವುದು ಅನ್ನುವ ಆ ತಿಳಿವಳಿಕೆ ಎಷ್ಟು ಸೂಕ್ಷ್ಮವಾಗಿತ್ತು ಅಂತ ಈಗ ಅರ್ಥವಾಗುತ್ತಿದೆ. ಅವ್ವನನ್ನು ಯಾರೂ ವಿಮರ್ಶಕಿ ಅನ್ನಲಿಲ್ಲ. ಅನ್ನಬೇಕಿತ್ತು.

ಹಿಂದೆ ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ಸುತ್ತಿ ಮಾರಿದರು ಅಂತ ನಮ್ಮ ಕಡೆ ಹೇಳುತ್ತಾರೆ. 1933ರಲ್ಲಿ ಇದೇ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಕಟ್ಟಿದ್ದು ಓದುಗರನ್ನು ಒಬ್ಬೊಬ್ಬರನ್ನಾಗಿ ಹುಡುಕಿಕೊಂಡು. ಹುಬ್ಬಳ್ಳಿಯ ಕಸ್ತೂರಿ ಮಾಸಿಕದ ಕೊನೆಯಲ್ಲಿ ಬರುತ್ತಿದ್ದ ಪುಸ್ತಕ ವಿಭಾಗ, ಇಂಥದ್ದೊಂದು ಪುಸ್ತಕ ಇದೆ ನೋಡಿ ಅಂತ ಸಾವಿರಾರು ಮನೆಗಳಿಗೆ ತೋರಿಸಿತು. ನಮ್ಮ ಭಾಷೆಯಲ್ಲಿ ಪುಸ್ತಕ ನಡೆದದ್ದೇ ಹೀಗೆ, ಕೈಯಿಂದ ಕೈಗೆ.

ಈಗ ಆ ಕೆಲಸ ಪಟ್ಟಿಗಳು ಮಾಡುತ್ತಿವೆ. ಓದಲೇಬೇಕಾದ ಹತ್ತು, ಸಾಯುವ ಮೊದಲು ಓದಬೇಕಾದ ನೂರು. ನನಗೆ ಈ ಪಟ್ಟಿಗಳು ಬೇಸರ ತರುತ್ತವೆ. ಅವುಗಳಲ್ಲಿ ಒಳ್ಳೆಯ ಪುಸ್ತಕಗಳೇ ಇರುತ್ತವೆ. ಆದರೆ ಓದಿದ ಮನುಷ್ಯ ಕಾಣುವುದಿಲ್ಲ, ಓದಬೇಕಾದ ಮನುಷ್ಯನೂ ಕಾಣುವುದಿಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವರ ಕಥೆಗಳನ್ನು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ ಹಾರ್ಟ್ ಲ್ಯಾಂಪ್‌ನಲ್ಲಿ ಜಗತ್ತು ಓದಿತು. ಆ ವಾರ ಕನ್ನಡ ಪುಸ್ತಕ ಮುಟ್ಟದ ನೆಂಟರೂ ಫೋನ್ ಮಾಡಿ ಆ ಪುಸ್ತಕ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಒಳ್ಳೆಯದೇ ಆಯಿತು. ಆದರೆ ಅದರೊಳಗಿನ ಕಥೆಗಳು 1990ರಿಂದಲೂ ಕನ್ನಡದಲ್ಲಿ ಬರುತ್ತಲೇ ಇದ್ದವು. ಹಾಸನದ ಆ ವಕೀಲೆಯ ಕಥೆಯನ್ನು ಬಹಳ ಹಿಂದೆಯೇ ಓದಿ, "ಇದು ನಿನಗೆ" ಅಂತ ಗೆಳತಿಯ ಕೈಗೆ ಇಟ್ಟ ಹೆಂಗಸರು ಎಷ್ಟೋ ಊರುಗಳಲ್ಲಿ ಇದ್ದಿರಲೇಬೇಕು. ಅವರ ಹೆಸರು ಎಲ್ಲೂ ಬರುವುದಿಲ್ಲ. ನನ್ನ ಲೆಕ್ಕದಲ್ಲಿ ಅವರೇ ಮೊದಲ ತೀರ್ಪುಗಾರರು.

ಸಿಸ್ಟರ್ ಮಾತು ನನ್ನಲ್ಲಿ ಇನ್ನೊಂದು ಯೋಚನೆ ಹಚ್ಚಿದೆ. ನನ್ನ ಅಕ್ಕನ ಮಗ ಬೆಂಗಳೂರಿನ ಕಂಪನಿಯೊಂದರಲ್ಲಿದ್ದಾನೆ. ಎರಡು ತಿಂಗಳಿಂದ ಅಲ್ಲಿ ಏನೋ ನಡೆಯುತ್ತಿದೆ. ಮೀಟಿಂಗಿಗೆ ಇವನನ್ನು ಕರೆಯುವುದಿಲ್ಲ. ಜೊತೆಗೆ ಊಟ ಮಾಡುತ್ತಿದ್ದವರು ಬೇರೆ ಟೇಬಲ್ಲಿಗೆ ಹೋಗಿದ್ದಾರೆ. ಯಾಕೆ ಅಂತ ಯಾರೂ ಹೇಳುತ್ತಿಲ್ಲ. ಅವನಿಗೆ ನಾನು ಧೈರ್ಯ ಹೇಳಿದೆ, ಅವನ ಅವ್ವ ದೇವರಿಗೆ ಹರಕೆ ಹೊತ್ತಳು. ಯಶವಂತ ಚಿತ್ತಾಲರು 1979ರಲ್ಲೇ ಇದನ್ನು ಶಿಕಾರಿ ಕಾದಂಬರಿಯಲ್ಲಿ ಬರೆದಿಟ್ಟಿದ್ದಾರೆ. ಮುಂಬಯಿ, ದೊಡ್ಡ ಕಂಪನಿ, ಇದ್ದಕ್ಕಿದ್ದಂತೆ ರಜೆಯ ಮೇಲೆ ಹೋಗು ಎಂಬ ಪತ್ರ, ಮತ್ತು ತನ್ನ ವಿರುದ್ಧ ಯಾರು ಏನು ಮಾಡುತ್ತಿದ್ದಾರೆ ಅಂತ ತಿಳಿಯದೆ ಒದ್ದಾಡುವ ನಾಗಪ್ಪ. ಇದು ಎಲ್ಲರಿಗೂ ಹೇಳುವ ಪುಸ್ತಕ ಅಲ್ಲ. ಗಟ್ಟಿ ಓದು ಬೇಕು, ಮನಸ್ಸು ಭಾರ ಮಾಡುತ್ತದೆ. ಆದರೆ ತನಗೊಬ್ಬನಿಗೇ ಹೀಗಾಗುತ್ತಿದೆ, ತಪ್ಪು ತನ್ನದೇ ಇರಬೇಕು ಅಂತ ಒಳಗೊಳಗೇ ಕೊರಗುತ್ತಿರುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ತೋಚುತ್ತಿಲ್ಲ. ಮಂಗಳವಾರ ಪ್ರತಿ ತಂದೆ. ಪೋಸ್ಟಿಗೆ ಹಾಕುವುದಿಲ್ಲ. ಶನಿವಾರ ನಾನೇ ಹೋಗಿ ಕೊಡುತ್ತೇನೆ, ಒಂದು ರಾತ್ರಿ ಅವನ ಜೊತೆ ಇದ್ದು ಬರುತ್ತೇನೆ.

ಗುಂಪಿನಲ್ಲೂ ಒಂದು ಕೆಲಸ ಶುರುವಾಗಿದೆ. ಸಿಸ್ಟರ್ ಬಳಿ ಈಗ ಶರಪಂಜರದ ಒಂದು ಪ್ರತಿಯೂ ಉಳಿದಿಲ್ಲ. ಆದರೆ ಅವರ ಜೊತೆ ಕೆಲಸ ಮಾಡಿದ ಇಬ್ಬರು ಕಿರಿಯ ನರ್ಸ್‌ಗಳು ಇನ್ನೂ ವಾರ್ಡಿನಲ್ಲಿದ್ದಾರೆ, ಕೊಟ್ಟರೆ ಅವರು ಮುಂದುವರಿಸುತ್ತಾರೆ ಅಂದರು. ಈ ತಿಂಗಳು ಎಲ್ಲರೂ ವರ್ಗಣಿ ಹಾಕಿದ್ದೇವೆ. ಪ್ರತಿಗಳನ್ನು ತರಿಸಿ ಮುಟ್ಟಿಸುವ ಹೊಣೆ ಕೊರಿಯರ್ ಹುಡುಗನದು. ಖಾನಾವಳಿ ಅಕ್ಕ ಎಲ್ಲರಿಗಿಂತ ಜಾಸ್ತಿ ಕೊಟ್ಟರು, ಯಾಕೆ ಅಂತ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಿನ್ನೆ ಸರ್ ಕೂಡ ಹಣ ಕಳಿಸಿದರು. ತರಿಸುವಾಗ ತಮಗೂ ಒಂದು ಪ್ರತಿ ಬೇಕು ಅಂದಿದ್ದಾರೆ.