ದುರ್ಗದ ಕೋಟೆ ಸ್ಪರ್ಧೆ: ಫೋನ್ ಹುಡುಗ್ರು ಕೊನೆಗೂ ಒಳಗೆ ಬಂದ್ರು

ಬಂದ್ರು ರೀ, ಕೊನೆಗೂ ಬಂದ್ರು. ನಿನ್ನೆ ರಾತ್ರಿ ಚಳ್ಳಕೆರೆ, ಹೊಸದುರ್ಗ, ಜಗಳೂರು, ಹರಿಹರ, ನಾಲ್ಕೂ ಕಡೆಯಿಂದ ಹುಡುಗ್ರು ಬರೀ ಮೊಬೈಲ್ ಡೇಟಾದಲ್ಲೇ ನಮ್ಮ ಮೈನ್‌ಕ್ರಾಫ್ಟ್ (ಬ್ಲಾಕ್ ಜೋಡಿಸಿ ಕಟ್ಟೋ ಆಟ) ಸರ್ವರ್‌ಗೆ ಬಂದು ತಾಸುಗಟ್ಟಲೆ ಕಟ್ಟಿದ್ರು, ಒಬ್ಬರೂ ಡಿಸ್ಕನೆಕ್ಟ್ ಆಗ್ಲಿಲ್ಲ. ಫೋನಿನವರಿಗೆ ಬರೋಕಾಗ್ತಿರಲಿಲ್ಲ, ಇದೊಂದಕ್ಕೋಸ್ಕರ ಸ್ಪರ್ಧೆ ತಾರೀಖನ್ನೇ ಮುಂದಕ್ಕೆ ಹಾಕಿದ್ದು, ಎಷ್ಟೋ ಜನ ಯಾಕೆ ಅಂತ ಕೇಳಿದ್ರು, ಹಂಗಾಗಿ ಈ ಸಲದ ವರದಿ ಪೂರ್ತಿ ಅದರದ್ದೇ. ಪೇಪರ್ ಅನ್ನೋ ಸರ್ವರ್ ಸಾಫ್ಟ್‌ವೇರ್ ಎಬ್ಬಿಸೋದು, ಪ್ಲಗಿನ್ ಹಾಕೋದು, ಬ್ಯಾಕಪ್ ಇಡೋದು ಇವೆಲ್ಲ ನಿಮಗೆ ಗೊತ್ತಿರೋದೇ, ಅದನ್ನ ಬರೆಯಲ್ಲ.

ಹೊಸದಾಗಿ ಸೇರಿದವರಿಗೆ ಎರಡು ಮಾತು. ಮೈನ್‌ಕ್ರಾಫ್ಟ್‌ನಲ್ಲಿ ಚಿತ್ರದುರ್ಗದ ಕೋಟೆ, ಅದೇ ಥೀಮ್. ಏಳು ಸುತ್ತೂ ಕಟ್ಟಿ ಅಂತ ಯಾರೂ ಹೇಳ್ತಿಲ್ಲ. ಒಂದು ಬಾಗಿಲು, ಒಂದು ಬತೇರಿ, ಒಂದು ಹೊಂಡ, ಈ ಮೂರು ಇರ್ಲೇಬೇಕು, ಮಿಕ್ಕಿದ್ದು ನಿಮ್ಮಿಷ್ಟ, ತುಪ್ಪದ ಕೊಳ ಮಾಡ್ತೀರೋ ಕಣಜ ಮಾಡ್ತೀರೋ ಮದ್ದು ಬೀಸೋ ಕಲ್ಲು ಮಾಡ್ತೀರೋ ಮಾಡಿ. ಬಾಗಿಲಿಗೆ ಮಾತ್ರ ಒಂದು ಷರತ್ತು ಇಟ್ಟಿದೀನಿ: ದಾರಿ ನೆಟ್ಟಗೆ ಇರಬಾರದು. ದುರ್ಗಕ್ಕೆ ಹೋದವರು ನೋಡಿರ್ತೀರ, ಬಾಗಿಲು ದಾಟಿದ ತಕ್ಷಣ ದಾರಿ ಪಕ್ಕಕ್ಕೆ ತಿರುಗ್ತದೆ, ಆನೆ ಬಂದ್ರೂ ಓಡಿ ಬಂದು ಗುದ್ದೋಕೆ ಜಾಗ ಸಿಗಬಾರದು ಅಂತ. ಅದನ್ನ ಅರ್ಥ ಮಾಡ್ಕೊಂಡು ಕಟ್ಟಿದವರಿಗೆ ನಾನು ಕಣ್ಣು ಮುಚ್ಕೊಂಡು ಮಾರ್ಕ್ಸ್ ಕೊಡ್ತೀನಿ. ಇಬ್ಬಿಬ್ಬರ ಟೀಮ್, ವರ್ಲ್ಡ್‌ಎಡಿಟ್ (ಒಂದೇ ಸಲಕ್ಕೆ ರಾಶಿ ಬ್ಲಾಕ್ ಇಡೋ ಟೂಲ್) ಯಾರಿಗೂ ಇಲ್ಲ, ಎಲ್ಲ ಕೈಯಲ್ಲೇ. ಬಹುಮಾನ ದಾವಣಗೆರೇಲಿ ಬೆಣ್ಣೆ ದೋಸೆ, ಹೊಟ್ಟೆ ತುಂಬೋವರೆಗೂ, ಸಾಯಂಕಾಲದವರೆಗೆ ಇದ್ರೆ ಮಂಡಕ್ಕಿ ಮಿರ್ಚಿನೂ ಸೇರಿ.

ಪ್ಲಾಟ್ ಬಗ್ಗೆ ಕೇಳಿದವರಿಗೆ: ಪ್ಲಾಟ್‌ಸ್ಕ್ವೇರ್ಡ್ (ಪ್ಲಾಟ್ ಹಂಚೋ ಪ್ಲಗಿನ್) ಡೀಫಾಲ್ಟ್ ಆಗಿ 42 ಬ್ಲಾಕ್ ಅಗಲ ಕೊಡ್ತದೆ, ಕೋಟೆಗೆ ಸಾಲಲ್ಲ, 64 ಮಾಡಿದೀನಿ. ಚಪ್ಪಟೆ ನೆಲದ ಮೇಲೆ ದುರ್ಗ ಕಟ್ಟೋಕೆ ಅರ್ಥನೇ ಇಲ್ಲ, ಅಲ್ಲಿ ಗೋಡೆ ಬಂಡೆಯಿಂದ ಬಂಡೆಗೆ ಹೋಗಿ ಕೂಡ್ಕೊಳ್ತದೆ, ಎಷ್ಟೋ ಕಡೆ ಬಂಡೆನೇ ಗೋಡೆ. ಅದಕ್ಕೆ ನಾನೇ ಒಂದು ಗುಡ್ಡ ಮಾಡಿ ಅದನ್ನೇ ಎಲ್ಲ ಪ್ಲಾಟಿಗೂ ಪೇಸ್ಟ್ ಮಾಡಿದೆ, ಎಲ್ಲರಿಗೂ ಒಂದೇ ಗುಡ್ಡ, ಒಂದೇ ಬಂಡೆ, ಯಾರಿಗೂ ಹೆಚ್ಚಿಲ್ಲ ಕಮ್ಮಿ ಇಲ್ಲ. ಆಟದಲ್ಲಿ ಗ್ರಾನೈಟ್ ಅಂತಾನೇ ಒಂದು ಬ್ಲಾಕ್ ಐತೆ, ದುರ್ಗದ ಬಂಡೆನೂ ಗ್ರಾನೈಟೇ, ಆದ್ರೆ ಆಟದ್ದು ತೀರಾ ಕೆಂಪು. ಶೇ 60 ಸ್ಟೋನ್, 25 ಆಂಡಿಸೈಟ್, 15 ಟಫ್ ಕಲಸಿ ಹಾಕಿ, ಮಳೆ ನೀರು ಇಳಿಯೋ ಜಾಗದಲ್ಲಿ ಮಾತ್ರ ಸ್ವಲ್ಪ ಗ್ರಾನೈಟ್ ಬಿಟ್ಟೆ. ದೂರದಿಂದ ನೋಡಿದ್ರೆ ಸರಿಯಾಗಿ ಕೂತಿದೆ ಅನ್ನಿಸ್ತದೆ.

ಈಗ ಅಸಲು ವಿಷಯ.

ಲ್ಯಾಪ್‌ಟಾಪ್ ಇರೋರು ಜಾವಾ ಎಡಿಷನ್, ಫೋನ್ ಇರೋರು ಬೆಡ್‌ರಾಕ್, ಒಂದೇ ಆಟದ ಎರಡು ಎಡಿಷನ್, ತಾವಾಗೇ ಒಂದಕ್ಕೊಂದು ಸೇರಲ್ಲ. ನಮ್ಮ ಲಿಸ್ಟಲ್ಲಿ ಅರ್ಧಕ್ಕಿಂತ ಜಾಸ್ತಿ ಫೋನಿನವರೇ, ಅದರಲ್ಲೂ ಚೆನ್ನಾಗಿ ಕಟ್ಟೋರು ಅವರೇ ಅಂತ ನನ್ನ ಅಭಿಪ್ರಾಯ, ಆ ಸಣ್ಣ ಸ್ಕ್ರೀನ್‌ನಲ್ಲಿ ಹೆಬ್ಬೆರಳಲ್ಲಿ ಕಮಾನು ಎತ್ತೋದು ನೋಡಿದ್ರೆ ಗೊತ್ತಾಗ್ತದೆ. ಅವರಿಗೆ ಬರೋಕಾಗ್ದೇ ಇದ್ರೆ ಇದು ಲ್ಯಾಪ್‌ಟಾಪ್ ಇರೋ ಮನೆ ಮಕ್ಕಳ ಸ್ಪರ್ಧೆ ಆಗ್ತದೆ ಅಷ್ಟೇ, ಅಂಥದ್ದು ಮಾಡೋ ಬದಲು ಸುಮ್ನಿರೋದು ವಾಸಿ. ಎರಡೂ ಎಡಿಷನ್ ಸೇರಿಸೋಕೆ ಗೀಸರ್, ಫ್ಲಡ್‌ಗೇಟ್ ಅನ್ನೋ ಪ್ಲಗಿನ್ ಇದಾವಲ್ಲ, ಹಾಕಿದೆ, ಮನೆ ವೈಫೈನಲ್ಲಿ ಫೋನು ಲ್ಯಾಪ್‌ಟಾಪು ಎರಡೂ ಒಂದೇ ಗುಡ್ಡದ ಮೇಲೆ ಓಡಾಡಿದ್ವು. ಹೊರಗಿಂದ ಮಾತ್ರ ಯಾರೂ ಬರಲ್ಲ.

ಪೋರ್ಟ್ ಫಾರ್ವರ್ಡ್ (ಹೊರಗಿಂದ ಬಂದಿದ್ದನ್ನ ರೂಟರ್ ಸರ್ವರ್‌ಗೆ ದಾಟಿಸೋದು) ಎಲ್ಲ ಸರಿಯಾಗೇ ಇತ್ತು, ಜಾವಾಗೆ ಟಿಸಿಪಿ 25565, ಬೆಡ್‌ರಾಕ್‌ಗೆ ಯುಡಿಪಿ 19132, ಟಿಸಿಪಿ ಯುಡಿಪಿ ಅಂದ್ರೆ ಡೇಟಾ ಸಾಗಿಸೋ ಎರಡು ವಿಧಾನ. ರೂಟರ್ ಒಳಗೆ ಹೋಗಿ ವ್ಯಾನ್ ಐಪಿ (ರೂಟರ್‌ನ ಹೊರಗಿನ ಕಡೆಯ ಅಡ್ರೆಸ್) ನೋಡಿದ್ರೆ 100.70 ಚಿಲ್ಲರೆಯಿಂದ ಶುರು ಆಗೋ ಅಡ್ರೆಸ್ಸು. ಅಲ್ಲಿಗೆ ಗೊತ್ತಾಯ್ತು. 100.64ರಿಂದ 100.127ರವರೆಗಿನ ಅಡ್ರೆಸ್‌ಗಳನ್ನ 2012ರಲ್ಲಿ ಇಂಟರ್ನೆಟ್ ಕೊಡೋರ ಒಳಗಿನ ಬಳಕೆಗೆ ಅಂತಾನೇ ತೆಗೆದಿಟ್ಟಿದಾರೆ, ಸಿಜಿನ್ಯಾಟ್ ಅಂತೀವಲ್ಲ ಅದು. ಐಪಿವಿ4 ಅಡ್ರೆಸ್ ಇರೋದೇ ಒಟ್ಟು 429 ಕೋಟಿ ಚಿಲ್ಲರೆ, ಎಲ್ಲರಿಗೂ ಒಂದೊಂದು ಸಾಲಲ್ಲ, ಅದಕ್ಕೆ ನೂರಾರು ಮನೆಗೆ ಸೇರಿ ಒಂದೇ ಹೊರಗಿನ ಅಡ್ರೆಸ್. ಒಳಗಿಂದ ಹೊರಗೆ ಹೋಗೋಕೆ ತೊಂದರೆ ಇಲ್ಲ, ಹೊರಗಿಂದ ಯಾರಾದ್ರೂ ಕದ ತಟ್ಟಿದ್ರೆ ಯಾವ ಮನೇದು ಅಂತ ಅವರ ಸಿಜಿನ್ಯಾಟ್ ಪೆಟ್ಟಿಗೆಗೆ ಗೊತ್ತಾಗಲ್ಲ. ನಮ್ಮ ರೂಟರ್‌ನಲ್ಲಿ ಏನು ಫಾರ್ವರ್ಡ್ ಮಾಡಿದ್ರೂ ಅಷ್ಟೇ.

ನಮ್ಮ ಏರಿಯಾದ ಕೇಬಲ್ ನೆಟ್‌ನವರಿಗೆ ಫೋನ್ ಮಾಡಿದ್ರೆ "ಸರ್ ರೂಟರ್ ಆಫ್ ಮಾಡಿ ಐದು ನಿಮಿಷ ಬಿಟ್ಟು ಆನ್ ಮಾಡ್ರಿ". ಪಬ್ಲಿಕ್ ಐಪಿ ಬೇಕು ಅಂದ್ರೆ "ಅದ್ಯಾಕ್ ಸರ್ ನಿಮಗೆ, ಸಿಸಿ ಕ್ಯಾಮೆರಾ ಹಾಕ್ಸಿದೀರಾ?" ಆಟ ಅಂತ ಹೇಳಿದ ಮೇಲೆ ಆಫೀಸಿಗೇ ಬರ್ರಿ ಅಂದ್ರು, ಹೋದೆ, ಬಿಸಿನೆಸ್ ಪ್ಲಾನ್ ತಗೊಂಡ್ರೆ ಮಾತ್ರ ಕೊಡ್ತೀವಿ ಅಂದ್ರು, ಅದರ ರೇಟು ಕೇಳಿದ್ರೆ ಬಹುಮಾನದ ದೋಸೆ ವರ್ಷ ಪೂರ್ತಿ ಹಂಚಬಹುದು. ಐಪಿವಿ6 ಕೊಡಿ, ಅದಕ್ಕೆ ಅಡ್ರೆಸ್ ಕೊರತೆನೇ ಇಲ್ಲ ಅಂದೆ, ಅದು ನಮ್ಮ ಕಡೆ ಇನ್ನೂ ಬಂದಿಲ್ಲ ಅಂದ್ರು. ಈ ಕಾಲದಲ್ಲಿ ಇದು ನಿಜಕ್ಕೂ ಸಿಟ್ಟು ಬರೋ ವಿಷಯ, ದುಡ್ಡು ತಗೊಳ್ಳೋದು ಪೂರ್ತಿ ಕನೆಕ್ಷನ್‌ಗೆ, ಕೊಡೋದು ಅರ್ಧ ಕನೆಕ್ಷನ್.

ಸರಿ ಅಂತ ಮುಂಬೈನಲ್ಲಿ ಒಂದು ಸಣ್ಣ ವಿಪಿಎಸ್ (ಪಬ್ಲಿಕ್ ಐಪಿ ಇರೋ ದೂರದ ಕಂಪ್ಯೂಟರ್) ಬಾಡಿಗೆಗೆ ತಗೊಂಡೆ, 1 ಜಿಬಿ ರ್‍ಯಾಮ್‌ದು. ಪೂರ್ತಿ ಸರ್ವರನ್ನೇ ಅಲ್ಲಿಡಬಹುದಲ್ಲ ಅಂತೀರ, ಅಷ್ಟು ಪ್ಲಾಟ್, ಅಷ್ಟು ಜನಕ್ಕೆ ಬೇಕಾಗೋ ರ್‍ಯಾಮ್ ಬಾಡಿಗೆ ನಮಗೆ ಹೊಂದಲ್ಲ, ಮನೆ ಕಂಪ್ಯೂಟರ್‌ನಲ್ಲಿ 16 ಜಿಬಿ ಸುಮ್ನೆ ಬಿದ್ದಿದೆ. ವಿಪಿಎಸ್ ಬರೀ ಬಾಗಿಲು, ಕೋಟೆ ಇಲ್ಲೇ. ಮನೆಯಿಂದ ವಿಪಿಎಸ್‌ಗೆ ಎಸ್‌ಎಸ್‌ಎಚ್ ರಿವರ್ಸ್ ಟನಲ್ (ಒಳಗಿಂದಲೇ ತೆರೆಯೋ ಸುರಂಗ) ಹಾಕಿದೆ, ಜಾವಾದವರು ತಕ್ಷಣ ಬಂದ್ರು, ಪಿಂಗ್ (ಹೋಗಿ ಬರೋ ಸಮಯ) 40 ಮಿಲಿಸೆಕೆಂಡ್ ಆಸುಪಾಸು. ಆದ್ರೆ ಎಸ್‌ಎಸ್‌ಎಚ್ ಟನಲ್ ಸಾಗಿಸೋದು ಟಿಸಿಪಿ ಮಾತ್ರ, ಬೆಡ್‌ರಾಕ್ ಮಾತಾಡೋದು ಯುಡಿಪಿ. ಜಾವಾದ್ದು ಹೆಂಗಿದ್ರೂ ನಡೀತಿದೆ, ಮುಟ್ಟೋದು ಬೇಡ ಅಂತ ಬಿಟ್ಟು, ಫೋನಿನವರಿಗೆ ಅಂತಾನೇ ಪಕ್ಕದಲ್ಲಿ ಯುಡಿಪಿನೂ ಸಾಗಿಸೋ ವೈರ್‌ಗಾರ್ಡ್ ವಿಪಿಎನ್ ಹಾಕಿದೆ. ಕೀಪ್‌ಅಲೈವ್ (ಇನ್ನೂ ಇದೀವಿ ಅಂತ ಆಗಾಗ ತಿಳಿಸೋದು) 25 ಸೆಕೆಂಡ್ ಇಟ್ಟೆ, ಇಲ್ಲಾಂದ್ರೆ ಸಿಜಿನ್ಯಾಟ್ ಪೆಟ್ಟಿಗೆ ನಮ್ಮನ್ನ ಮರೆತೇ ಬಿಡ್ತದೆ.

ತಲೆ ಕೆಡ್ಸಿದ್ದು ಇಲ್ಲಿಂದ. ಫೋನಿನ ಸರ್ವರ್ ಲಿಸ್ಟಲ್ಲಿ ನಮ್ಮ ಹೆಸರು ಬರ್ತದೆ, ಎಷ್ಟು ಜನ ಇದಾರೆ ಅಂತ ತೋರಿಸ್ತದೆ, ಹಸಿರು ಗೆರೆನೂ ಐತೆ. ಜಾಯಿನ್ ಒತ್ತಿದ್ರೆ ಲೋಡ್ ಆಗ್ತಾ ಕೂತು ಕೂತು ಟೈಮ್ ಔಟ್. ಪೂರ್ತಿ ಬರಲ್ಲ ಅಂದ್ರೆ ಬೇರೆ ಮಾತು, ಇದು ಮುಖ ತೋರ್ಸಿ ಕದ ಹಾಕ್ಕೊಳ್ತಿತ್ತು. ಗೀಸರ್ ಲಾಗ್‌ನಲ್ಲಿ ಹುಡುಗನ ಹೆಸರು ಬಂದು ಸ್ವಲ್ಪ ಹೊತ್ತಿಗೆ ಹೋಗ್ತದೆ, ಎರರ್ ಅಂತ ಒಂದು ಸಾಲೂ ಇಲ್ಲ. ಗೀಸರ್ ವರ್ಷನ್ ಬದಲಾಯಿಸಿ, ಫೈರ್‌ವಾಲ್ ಪೂರ್ತಿ ತೆಗೆದು, ಪ್ಲಗಿನ್ ಒಂದೊಂದಾಗಿ ಆಫ್ ಮಾಡಿ ಎಲ್ಲ ನೋಡಿದ್ದಾಯ್ತು. ಹೊಸದುರ್ಗದ ಹುಡುಗ ಪಾಪ ಪ್ರತಿ ಸಲ "ಅಣ್ಣಾ ಈಗ ಟ್ರೈ ಮಾಡ್ಲಾ" ಅಂತ ಮೆಸೇಜ್ ಹಾಕಿ ಕಾಯ್ತಿದ್ದ, ಅವನ ತಾಳ್ಮೆಗೆ ದೊಡ್ಡ ನಮಸ್ಕಾರ.

ಸುಳಿವು ಸಿಕ್ಕಿದ್ದು ಎರಡೂ ಕಡೆ ಪ್ಯಾಕೆಟ್ (ಡೇಟಾ ಪೊಟ್ಟಣ) ನೋಡೋ ಟಿಸಿಪಿಡಂಪ್ ಹಾಕಿ ಕೂತಾಗ. ಮನೆಯಿಂದ ಹೊರಟ ಸಣ್ಣ ಪ್ಯಾಕೆಟ್‌ಗಳು ಎಲ್ಲಾ ಮುಂಬೈಗೆ ಮುಟ್ತಿವೆ, ದೊಡ್ಡವು ಒಂದೂ ಮುಟ್ತಿಲ್ಲ. ಸರ್ವರ್ ಹೆಸರು, ಜನರ ಲೆಕ್ಕ ಇವೆಲ್ಲ ಸಣ್ಣ ಪ್ಯಾಕೆಟ್, ಗುಡ್ಡದ ಚಂಕ್‌ಗಳು (ಆಟದ ನೆಲದ ಭಾಗಗಳು) ಬರೋದು ದೊಡ್ಡ ಪ್ಯಾಕೆಟ್‌ನಲ್ಲಿ. ಓಬವ್ವನ ಕಿಂಡಿಲಿ ಆಳು ನುಸಿತಾನೆ, ಹುಲ್ಲು ಹೇರಿದ ಗಾಡಿ ನುಸಿಯಲ್ಲ, ಅಷ್ಟೇ ಕಥೆ. ತುಂಡು ಮಾಡಬಾರದು ಅಂತ ಷರತ್ತು ಹಾಕಿ ಪಿಂಗ್ ಕಳಿಸ್ತಾ ಸೈಜ್ ಇಳಿಸ್ತಾ ಬಂದೆ, 1412ಕ್ಕೆ ಉತ್ತರ ಬಂತು, 1413ಕ್ಕೆ ಇಲ್ಲ. ಅದಕ್ಕೆ ಹೆಡರ್‌ದು 28 ಸೇರಿಸಿದ್ರೆ 1440. ಅಂದ್ರೆ ನಮ್ಮ ಕೇಬಲ್‌ನವರ ದಾರಿಲಿ 1500 ಅಲ್ಲ, ಮನೆ ಕನೆಕ್ಷನ್‌ನಲ್ಲಿ ಸಾಮಾನ್ಯವಾಗಿ ಸಿಗೋ 1492ನೂ ಅಲ್ಲ, 1440 ಬೈಟ್‌ಗಿಂತ ದೊಡ್ಡದು ಹೋಗೋದೇ ಇಲ್ಲ. ಅದನ್ನ ಅವರು ಎಲ್ಲೂ ಹೇಳಿಲ್ಲ.

ವೈರ್‌ಗಾರ್ಡ್ ತನ್ನ ಸುತ್ತು ಬಟ್ಟೆಗೆ ಅಂತ ಐಪಿವಿ4 ಮೇಲೆ 60 ಬೈಟ್ ತಗೊಳ್ತದೆ, ಹಂಗಾದ್ರೆ ಒಳಗೆ ಹಿಡಿಯೋದು 1380. ವೈರ್‌ಗಾರ್ಡ್ ಡೀಫಾಲ್ಟ್ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಅಳತೆ) 1420, ಗೀಸರ್ ಕಾನ್ಫಿಗ್‌ನಲ್ಲಿ 1400. ಎರಡೂ 1380ಕ್ಕಿಂತ ಜಾಸ್ತಿ! ದೊಡ್ಡ ಪ್ಯಾಕೆಟ್ ತುಂಡಾಗಿ ಹೋಗ್ಬೇಕಿತ್ತು, ತುಂಡುಗಳು ಮಧ್ಯದಲ್ಲೇ ಬಿದ್ದೋಗ್ತಿದ್ವು. ಜಾವಾದವರಿಗೆ ಯಾಕೆ ತೊಂದರೆ ಆಗ್ಲಿಲ್ಲ ಅಂದ್ರೆ ಎಸ್‌ಎಸ್‌ಎಚ್ ಹೋಗೋದು ಟಿಸಿಪಿ ಮೇಲೆ, ಟಿಸಿಪಿ ಶುರುನಲ್ಲೇ ಎಷ್ಟು ದೊಡ್ಡ ತುಂಡು ಕಳಿಸ್ಬೇಕು ಅಂತ ಮಾತಾಡ್ಕೊಳ್ತದೆ, ನಡುವಿನ ರೂಟರ್ ಆ ಲೆಕ್ಕನ ಕಮ್ಮಿನೂ ಮಾಡಿಸ್ತದೆ. ಯುಡಿಪಿಗೆ ಆ ಸೌಕರ್ಯ ಇಲ್ಲ.

ವೈರ್‌ಗಾರ್ಡ್ ಎರಡೂ ತುದಿಲಿ 1280 ಮಾಡಿದೆ, ಐಪಿವಿ6ಗೆ ಬೇಕಾದ ಕನಿಷ್ಠ ಅಳತೆ ಅದು, ಅದಕ್ಕಿಂತ ಕಮ್ಮಿ ಸಾಗಿಸೋ ದಾರಿ ಸಿಗೋದು ಕಷ್ಟ. ಗೀಸರ್‌ನಲ್ಲಿ 1200. ರೀಸ್ಟಾರ್ಟ್. "ಅಣ್ಣಾ ಟ್ರೈ ಮಾಡ್ಲಾ" ಬಂತು, ಮಾಡಪ್ಪ ಅಂದೆ, ಒಂದೇ ಏಟಿಗೆ ಗುಡ್ಡದ ಮೇಲೆ ನಿಂತಿದ್ದ. ಕೂಗಿದ ಕೂಗಿಗೆ ಒಳಗಿಂದ ಅಮ್ಮ ಏನಾಯ್ತೋ ಅಂತ ಓಡಿ ಬಂದ್ರು. ನೀವು ಮನೆಯಲ್ಲಿ ಸರ್ವರ್ ಇಟ್ಕೊಂಡು ಫೋನಿನವರು ಹಿಂಗೇ ಅರ್ಧಕ್ಕೆ ನಿಲ್ತಿದ್ರೆ ದಯವಿಟ್ಟು ಮೊದಲು ಈ ಎಂಟಿಯು ನೋಡಿ, ಪ್ಲಗಿನ್ ಮೇಲೆ ಅನುಮಾನ ಪಡೋದು ಆಮೇಲೆ.

ಕರೆಂಟ್ ವಿಷಯ ಇನ್ನೂ ಬಾಕಿ. ಕಂಪ್ಯೂಟರ್ ಇನ್ವರ್ಟರ್ ಮೇಲೆ ಐತೆ, ಫೈಬರ್ ಪೆಟ್ಟಿಗೆ ಮತ್ತೆ ರೂಟರ್‌ಗೆ 12 ವೋಲ್ಟ್ ಮಿನಿ ಯುಪಿಎಸ್ ತರಿಸಿದೆ. ಮಾರಿದವರು ಎಲ್ಲ ರೂಟರ್‌ಗೂ ಆಗ್ತದೆ ಅಂತ ಬರೆದಿದ್ರು, ಬಂದ ಪಿನ್ನು ಒಳಗೆ 2.1 ಮಿಲಿಮೀಟರ್, ನಮ್ಮ ಪೆಟ್ಟಿಗೆದು 2.5, ಕೂರೋದೇ ಇಲ್ಲ. ವಾಪಸ್ ತಗೊಳ್ಳಿ ಅಂದ್ರೆ ಬಾಕ್ಸ್ ತೆಗೆದಿದೀರಲ್ಲ ಸರ್ ಅಂತಾರೆ, ಬಾಕ್ಸ್ ತೆಗೀದೇ ಪಿನ್ ನೋಡೋದು ಹೆಂಗೆ? ಕೊನೆಗೆ ರೇಡಿಯೋ ರಿಪೇರಿ ಮಾಡೋ ಹಿರಿಯರೊಬ್ಬರು ಹಳೇ ಅಡಾಪ್ಟರ್ ವೈರ್ ಕತ್ತರಿಸಿ ಜೋಡಿಸ್ಕೊಟ್ರು, ದುಡ್ಡು ಕೊಟ್ರೂ ತಗೊಳ್ಳಲಿಲ್ಲ.

ಮುಂಬೈಗೆ ಪ್ಯಾಕೆಟ್ ಹೋಗೋದು ಕಾಯ್ತಾ ಕೂತಾಗ ಮುಂದಿನ ಪ್ರಾಜೆಕ್ಟ್ ಪೂರ್ತಿ ತಲೆಗೆ ಬಂದುಬಿಡ್ತು: ಮಾರಿಕಣಿವೆ. ಹಿರಿಯೂರಿನ ವಾಣಿ ವಿಲಾಸ ಸಾಗರ, ಅಳತೆಗೆ ಅಳತೆ. ಆಟದಲ್ಲಿ ಒಂದು ಬ್ಲಾಕ್ ಅಂದ್ರೆ ಒಂದು ಮೀಟರ್, ಕಟ್ಟೆ ಉದ್ದ ಸುಮಾರು 400 ಮೀಟರ್, ಅಂದ್ರೆ 400 ಬ್ಲಾಕ್, ಹತ್ತು ಜನ ಸೇರಿದ್ರೆ ಆಗೋದೇ. 1907ರಲ್ಲಿ ಮುಗಿದ ಕಟ್ಟೆ, ವೇದಾವತಿ ನೀರು, 30 ಟಿಎಂಸಿ, 1933ರಲ್ಲಿ ಕೋಡಿ ಬಿದ್ದಿದ್ದು ಆಮೇಲೆ ಮತ್ತೆ ಬಿದ್ದಿದ್ದು 2022ರಲ್ಲೇ. ಆ ಕೋಡಿ ಹರಿಯೋದನ್ನ ರೆಡ್‌ಸ್ಟೋನ್‌ನಲ್ಲಿ (ಆಟದ ವೈರಿಂಗ್ ಇದ್ದಂಗೆ) ಮಾಡ್ಬೇಕು, ಒಂದು ಲಿವರ್ ಎಳೆದ್ರೆ ನೀರು ಬರೋ ಹಂಗೆ. ಹಿನ್ನೀರು ತುಂಬಿಸೋದು ಮಾತ್ರ ಕೈಯಲ್ಲಿ ಆಗಲ್ಲ, ಅದಕ್ಕೊಂದಕ್ಕೆ ವರ್ಲ್ಡ್‌ಎಡಿಟ್ ಬಿಡ್ಬೇಕಾಗ್ತದೆ. ಸಂತೆಬೆನ್ನೂರು ಪುಷ್ಕರಣಿನೂ ಲಿಸ್ಟಲ್ಲಿ ಐತೆ, ಮೆಟ್ಟಿಲುಗಳು, ನೀರಿನ ನಡುವೆ ವಸಂತ ಮಂಟಪ, ಆ ಗೋಪುರ ಬ್ಲಾಕ್‌ನಲ್ಲಿ ತೆಗೀಬೇಕು ಅಂದ್ರೆ ಕೈ ಪಳಗಿರ್ಬೇಕು. ಇರ್ಲಿ, ಮೊದಲು ಕೋಟೆ.

ಫೋನಿನವರಿಗೆ ಮೂರು ಸೂಚನೆ. ಫ್ಲಡ್‌ಗೇಟ್ ನಿಮ್ಮ ಹೆಸರಿನ ಮುಂದೆ ಒಂದು ಚುಕ್ಕಿ ಹಾಕ್ತದೆ, ಹೆಸರಲ್ಲಿ ಜಾಗ ಬಿಟ್ಟಿದ್ರೆ ಅಂಡರ್‌ಸ್ಕೋರ್ ಆಗ್ತದೆ, ಜೊತೆಗಾರರನ್ನ ಪ್ಲಾಟಿಗೆ ಸೇರಿಸೋವಾಗ ಆ ಚುಕ್ಕಿ ಸಮೇತ ಟೈಪ್ ಮಾಡಿ. ಚಿಕ್ಕವರ ಮೈಕ್ರೋಸಾಫ್ಟ್ ಅಕೌಂಟ್‌ಗೆ ಮನೆಯವರು ಮಲ್ಟಿಪ್ಲೇಯರ್ ಅನುಮತಿ ಕೊಡ್ಲೇಬೇಕು, ಬೇಕಾದ್ರೆ ನಾನೇ ನಿಮ್ಮ ಅಪ್ಪ ಅಮ್ಮನ ಹತ್ರ ಮಾತಾಡ್ತೀನಿ, ಇಬ್ಬರ ಮನೆಯವರ ಜೊತೆ ಈಗಾಗ್ಲೇ ಮಾತಾಡಿ ಒಪ್ಪಿಸಿದೀನಿ. ಮೂರನೇದು, ಬೆಡ್‌ರಾಕ್‌ನಲ್ಲಿ ನಿಂತ ಜಾಗದಿಂದ ಮುಂದಕ್ಕೆ ಬ್ಲಾಕ್ ಇಡೋ ಅನುಕೂಲ ಇದೆಯಲ್ಲ, ಅದನ್ನ ಗೀಸರ್‌ನಲ್ಲಿ ಆಫ್ ಮಾಡಬಹುದು, ಜಾವಾದ ಇಬ್ಬರು ಆಫ್ ಮಾಡಿ ಅಂತ ಕೇಳಿದ್ರು. ಮಾಡಲ್ಲ. ಕೀಬೋರ್ಡು ಮೌಸ್ ಇರೋರಿಗೆ ಇರೋ ಅನುಕೂಲದ ಮುಂದೆ ಅದು ಏನೂ ಅಲ್ಲ.

ಓಬವ್ವನ ಕಿಂಡಿ ಕಟ್ಟೋದು ಹೆಂಗೆ ಅಂತ ಬಹಳ ಜನ ಕೇಳ್ತಿದಾರೆ, ಪೂರ್ತಿ ಎರಡು ಬ್ಲಾಕ್ ಬಿಟ್ರೆ ಬಾಗಿಲೇ ಆಗ್ತದೆ. ಮೇಲ್ಗಡೆ ಒಂದು ಸ್ಲ್ಯಾಬ್ (ಅರ್ಧ ಬ್ಲಾಕ್) ಇಡಿ, ಒಂದೂವರೆ ಬ್ಲಾಕ್ ಉಳೀತದೆ, ಬಗ್ಗಿದ್ರೆ ಮಾತ್ರ ದಾಟಬಹುದು. ಹರಿಹರದ ಟೀಮ್ ನಿನ್ನೆ ಅದನ್ನೇ ಮಾಡಿ, ಕಿಂಡಿ ಆಚೆ ಒಂದು ನೀರಿನ ಕೊಡ ಇರೋ ಮೂಲೆನೂ ಮಾಡಿದ್ರು, ಟ್ರಯಲ್ ಅಂತ ಗೊತ್ತಿದ್ರೂ.

ಟ್ರಯಲ್ ಪ್ಲಾಟ್‌ಗಳನ್ನ ಶನಿವಾರ ಅಳಿಸ್ತೀನಿ, ಉಳಿಸ್ಕೋಬೇಕು ಅನ್ನೋರು ಅಷ್ಟರೊಳಗೆ ಹೇಳಿ, ಸ್ಕೆಮ್ಯಾಟಿಕ್ (ಕಟ್ಟಿದ್ದರ ನಕಲು ಫೈಲ್) ತೆಗೆದು ಇಟ್ಟಿರ್ತೀನಿ. ಭಾನುವಾರ ಬೆಳಗ್ಗೆ 10ಕ್ಕೆ ಗುಡ್ಡಗಳು ಓಪನ್. ತೀರ್ಪುಗಾರರಿಗೆ ಪ್ಲಾಟ್ ನಂಬರ್ ಮಾತ್ರ ಹೋಗ್ತದೆ, ಹೆಸರು ಹೋಗಲ್ಲ. ಜೊತೆಗಾರರು ಸಿಗದೇ ಇರೋರು ಇನ್ನೂ ಮೂವರಿದಾರೆ, ಮೊಳಕಾಲ್ಮೂರು ಕಡೆಯವರು ಯಾರಾದ್ರೂ ಇದ್ರೆ ಬೇಗ ಹೇಳಿ.